ಎಲೆಯ ಎಡತುದಿಯ ಉಪ್ಪು

ಹೊನ್ನವಳ್ಳಿ
೧೨-೩-೨೦೨೪

ಚಿ. ಸೌ. ಮಂಗಳಾಳಿಗೆ, ನಿನ್ನ ಅತ್ತೆ ಬರೆಯುವುದು.

ಆಶೀರ್ವಾದ ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ಅದನ್ನು ಕೊಡುವ ಮುಖ ಈಗ ನನಗಿಲ್ಲ. ಫೋನು ಮಾಡಬಹುದಿತ್ತು. ಮಾಡಿದರೆ ನೀನು, "ಹೋಗ್ಲಿ ಬುಡಿ ಅತ್ತೆ" ಎನ್ನುತ್ತೀಯ. ಮಾತು ಅಲ್ಲಿಗೇ ಮುಗಿಯುತ್ತದೆ, ನಾನೂ ಬಚಾವಾಗುತ್ತೇನೆ. ಹಾಗಾಗಬಾರದು ಎಂದು, ಎಸ್ಸೆಸ್ಸೆಲ್ಸಿ ಪರೀಕ್ಷೆಯ ನಂತರ ಇಷ್ಟುದ್ದ ಬರೆಯದ ಕೈಯಲ್ಲಿ ಬರೆಯುತ್ತಿದ್ದೇನೆ.

ಗಂಗಾಧರ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದು ನಿನಗೆ ಗೊತ್ತಿರಬೇಕು. ನಿನ್ನ ಗಂಡನಾದರೂ ಅಲ್ಲಿ ಆದದ್ದನ್ನು ಅವನು ನಿನಗೆ ಹೇಳಿರಲಾರ. ಹೇಳಕೂಡದು ಎಂದು ನಾನೇ ಅವನ ಬಾಯಿ ಕಟ್ಟಿದ್ದೇನೆ.

ಆಸ್ಪತ್ರೆಯಲ್ಲಿ ಓಲೆ, ಮೂಗುಬೊಟ್ಟು ಬಿಚ್ಚಿಸಿ ಒಂದು ಕೊಳವೆಯೊಳಗೆ ಮಲಗಿಸಿದರು. ಬೋರ್‌ವೆಲ್ ಕೊರೆಯುವಂಥ ಸದ್ದು. ಡಾಕ್ಟರ ಹೆಸರು ಗಾನವಿ, ನಿನಗಿಂತ ಚಿಕ್ಕವಳು. "ಅಜ್ಜಿ, ನೀವು ತೆಂಗಿನ ಸೀಮೆಯವರು, ನಿಮಗೆ ಹೇಳೋದು ಸುಲಭ" ಎಂದಳು. ಕಾಯಿ ಸಿಪ್ಪೆಯಲ್ಲಿ ನೀರು ನಾರಿನ ಗುಂಟ ಸಲೀಸಾಗಿ ಹೋಗುತ್ತದೆ, ಅಡ್ಡ ಹೋಗುವುದಿಲ್ಲ. ಮಿದುಳಿನೊಳಗೂ ಹಾಗೇ ಬಿಳಿಯ ನಾರುಗಳಿವೆಯಂತೆ. ನೀರು ಯಾವ ದಿಕ್ಕಿಗೆ ಸರಿಯುತ್ತದೆ ಎಂದು ನೋಡಿ ಮಿಷನ್ನು ಆ ನಾರಿನ ಚಿತ್ರ ಬಿಡಿಸುತ್ತದೆ. ಆಮೇಲೆ ತಲೆಯ ಬಲಭಾಗದ ನಾರನ್ನೂ ಎಡಭಾಗದ ನಾರನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ.

ಕಂಪ್ಯೂಟರಿನಲ್ಲಿ ತೋರಿಸಿದಳು. ಕಾಯಿಯ ಜುಟ್ಟಿನಂತೆ ದಟ್ಟವಾಗಿ, ಹಸಿರು ನೀಲಿ ಬಣ್ಣದ ನಾರಿನ ಕಂತೆ. ನಾನು ಸ್ವಲ್ಪ ಗದರಿಕೊಂಡೇ ಕೇಳಿದೆ: "ಎರಡೂ ಹೋಲಿಸ್ತೀವಿ ಅಂದೆ, ಇಲ್ಲಿ ಒಂದೇ ಐತಲ್ಲಮ್ಮ. ಇನ್ನೊಂದೆಲ್ಲಿ?"

ಗಂಗಾಧರ ಗೋಡೆಯ ಕಡೆ ತಿರುಗಿಕೊಂಡ. ಆ ಡಾಕ್ಟರ್ ಹುಡುಗಿ ನನ್ನ ಗದ್ದ ಹಿಡಿದು ಮುಖವನ್ನು ಎಡಕ್ಕೆ ತಿರುಗಿಸಿದಳು, ನಾವು ಮಕ್ಕಳಿಗೆ ತಲೆ ಬಾಚುವಾಗ ತಿರುಗಿಸುತ್ತೇವಲ್ಲ, ಹಾಗೆ. ಅಲ್ಲೇ ಇತ್ತು ಮಂಗಳಾ. ನಡುವೆ ಸವೆದು, ಪಾತ್ರೆ ತಿಕ್ಕಿ ಬಿಸಾಕಿದ ನಾರಿನಂತೆ ಇತ್ತು. ಚಿತ್ರದಲ್ಲಿ ಬಲದ್ದನ್ನು ಎಡಕ್ಕೆ ಇಡುತ್ತಾರಂತೆ. ಅದು ನನ್ನ ಬಲ ಮಿದುಳು.

ದೀಪಾವಳಿಗೆ ಮುಂಚೆ ನನಗೆ ತಲೆಸುತ್ತು ಬಂದಿತ್ತಲ್ಲ, ಅದು ಪಿತ್ತವಲ್ಲ, ಸ್ಟ್ರೋಕು. ಬಲಗಡೆಯ ಈ ನಾರು ಕೆಟ್ಟರೆ ಕಣ್ಣು ಸರಿಯಿದ್ದರೂ ಮನಸ್ಸು ಎಡಗಡೆಗೆ ಹೋಗುವುದಿಲ್ಲವಂತೆ. ಅಲ್ಲೊಂದು ಕಡೆ ಇದೆ ಎಂಬುದೇ ಮರೆತುಹೋಗುತ್ತದೆ. ಅವತ್ತೇ ನೀನು ಆಸ್ಪತ್ರೆಗೆ ಹೋಗೋಣ ಅಂದಿದ್ದೆ. "ನಂಗೆ ಹುಚ್ಚು ಅಂತ ಸರ್ಟಿಫಿಕೇಟ್ ಮಾಡಿಸ್ಬೇಕೇನೇ ನಿಂಗೆ?" ಎಂದು ಬಾಯಿ ಮುಚ್ಚಿಸಿದೆ.

ಆಮೇಲೆ ನೀನು ದಿನಾ ನನ್ನ ಊಟದ ನಡುವೆ ತಟ್ಟೆಯನ್ನು ಮೆಲ್ಲಗೆ ತಿರುಗಿಸಿಡುತ್ತಿದ್ದೆ. ತಟ್ಟೆ ಮುಟ್ಟಬೇಡ ಎಂದು ರೇಗುತ್ತಿದ್ದೆ. ನೀನು ತವರಿಗೆ ಹೋದಮೇಲೆ ನನಗೆ ಅರ್ಧ ಹೊಟ್ಟೆ. ಗಂಗಾಧರ ಕಡಿಮೆ ಬಡಿಸುತ್ತಾನೆ ಎಂದು ಅವನನ್ನೂ ಬೈದೆ. ಎಡಗಡೆ ಉಳಿದ ಅನ್ನವನ್ನು ನಿನ್ನ ಕೈ ಬಲಕ್ಕೆ ತರುತ್ತಿತ್ತು ಎಂಬುದು ಆ ಕಂಪ್ಯೂಟರಿನ ಮುಂದೆ ಗೊತ್ತಾಯಿತು.

ಹೊಸ ಕೊಬ್ಬರಿ ಶೆಡ್ಡಿನ ಪೂಜೆಯ ದಿನ ಬಾಳೆಎಲೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲಾ ಎಲೆಯ ಎಡತುದಿಗೆ. ಪಂಕ್ತಿಯಲ್ಲಿ ಹಾಕಿದ ಎಲೆಯನ್ನು ನೀನಾದರೂ ಹೇಗೆ ತಿರುಗಿಸುತ್ತೀಯ? ಮನೆಯ ಹಿರಿಯಳ ಎಲೆಗೆ ಉಪ್ಪಿಲ್ಲ ಎಂದು ಕೂಗಿದೆ. "ಇಕ್ಕಿದೀನಿ ಅತ್ತೆ, ಈ ಕಡೆ ನೋಡಿ" ಎಂದೆ ನೀನು. "ಸುಳ್ಳು ಬೇರೆ! ನಿಮ್ಮವ್ವ ಎಲೆಗೆ ಉಪ್ಪಿಕ್ಕೋದೂ ಕಲಿಸ್ನಿಲ್ವೇನೇ?" ಎಂದೆ ನಾನು. ನಿಮ್ಮವ್ವ ಕೆಂಪಕ್ಕ ಎದುರು ಸಾಲಿನಲ್ಲೇ ಕೂತಿದ್ದರು. ಕಲಸಿದ ಅನ್ನ ಬಿಟ್ಟು, ಎಲೆ ಮಡಿಸಿ ಎದ್ದರು. ಅವರ ಹಿಂದೆಯೇ ನೀನೂ ತವರಿಗೆ, ತುರುವೇಕೆರೆಗೆ ಹೊರಟೆ. ನನ್ನ ಎಲೆಯ ಉಪ್ಪು ಪಂಕ್ತಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತಂತೆ. ಒಬ್ಬರೂ ಹೇಳಲಿಲ್ಲ. ನನಗೆ ಎದುರು ಹೇಳುವವರನ್ನು ನಾನು ಈ ಮನೆಯಲ್ಲಿ ಉಳಿಸಿದ್ದೆನಾ?

ಇನ್ನೊಂದಿದೆ. ಆಸ್ಪತ್ರೆಯಿಂದ ಹೊರಡುವಾಗ ಡಾಕ್ಟರನ್ನು ಕೇಳಿದೆ, ನಿಮ್ಮವ್ವನನ್ನು ಅಂದ ಆ ಮಾತೂ ಈ ನಾರು ಕೆಟ್ಟಿದ್ದರಿಂದಲೇ ಬಂತಾ ಅಂತ. ಹೌದು ಎನ್ನಲಿ ಎಂದು ಆಸೆಯಿತ್ತು. "ಉಪ್ಪು ಕಾಣದೇ ಇದ್ದಿದ್ದು ಇದರಿಂದ ಅಜ್ಜಿ. ಮಾತು ಇದರಿಂದ ಬರಲ್ಲ" ಎಂದಳು. ಆದರೆ ಊರಿಗೆ ಬಂದು ನನ್ನ ತಮ್ಮ ಹುಚ್ಚಣ್ಣನಿಗೆ, ಎಲ್ಲಾ ಕಾಯಿಲೆಯಿಂದಲೇ ಆದದ್ದು ಎಂದು ಡಾಕ್ಟರು ಹೇಳಿದರು ಅಂದುಬಿಟ್ಟೆ. ಈಗ ಬಂದವರೆಲ್ಲ "ಪಾಪ, ಅಕ್ಕಂದೇನು ತಪ್ಪು" ಅನ್ನುತ್ತಾರೆ. ನಾನು ತಲೆಯಾಡಿಸುತ್ತಾ ಕೂರುತ್ತೇನೆ. ನಿನಗೂ ಅದನ್ನೇ ಬರೆಯೋಣ ಎಂದೇ ಹಾಳೆ ತೆಗೆದದ್ದು. ಕೈ ಬರಲಿಲ್ಲ. ಆ ಮಾತು ನನ್ನದೇ.

ತಟ್ಟೆಯ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿ, ಆ ಕೆಂಪು ಕಾಣುವವರೆಗೂ ಮುಖ ತಿರುಗಿಸಬೇಕು ಎಂದು ಡಾಕ್ಟರು ಹೇಳಿದ್ದಾಳೆ. ಯಾರಾದರೂ ಬಂದರೆ ಆ ತಟ್ಟೆಯನ್ನು ಒಳಗಿಡಿಸುತ್ತೇನೆ. ಇಷ್ಟಾದಮೇಲೂ ನನ್ನ ಜಂಬ ನೋಡು.

ಹಿಂದಕ್ಕೆ ಬಾ ಎಂದು ಕೇಳುವುದಿಲ್ಲ. ತುರುವೇಕೆರೆಗೆ ನಾನು ಬರಲೇ ಎಂದು ಕೇಳುತ್ತಿದ್ದೇನೆ. ಹುಚ್ಚಣ್ಣನನ್ನೂ ಕರೆತರುತ್ತೇನೆ, ಅವನೂ ಕೇಳಿಸಿಕೊಳ್ಳಲಿ. ಕೆಂಪಕ್ಕನವರ ಎದುರು ನಿಂತು ಹೇಳಬೇಕಾದ್ದನ್ನು ಹೇಳುತ್ತೇನೆ. ಅವರು ಎಲೆ ಹಾಕಿ ಉಪ್ಪಿಕ್ಕಿದರೆ ಉಣ್ಣುತ್ತೇನೆ. ಇಕ್ಕದಿದ್ದರೆ ಎದ್ದು ಬರುತ್ತೇನೆ, ಬೇಜಾರಿಲ್ಲ.

ನಿನ್ನ ಅತ್ತೆ,
ಚಿಕ್ಕಗೌರಮ್ಮ

ವಿ.ಸೂ.: ಅಂಚೆಗೆ ಹಾಕು ಎಂದು ಗಂಗಾಧರನ ಕೈಗೆ ಕೊಟ್ಟೆ. ಮಡಿಸುವಾಗ, "ಅವ್ವಾ, ಹಾಳೆ ಎಡಗಡೆ ಅರ್ಧ ಹಂಗೇ ಬುಟ್ಟಿದೀಯಲ್ಲ" ಎಂದ. ಮುಖ ತಿರುಗಿಸಿ ನೋಡಿದೆ, ನಿಜ. ಎಲ್ಲಾ ಹಾಳೆಯಲ್ಲೂ ಹಾಗೇ. ಬೇರೆ ಹಾಳೆಯಲ್ಲಿ ನೆಟ್ಟಗೆ ಬರೆಯೋಣ ಎಂದುಕೊಂಡವಳು ಬಿಟ್ಟೆ. ನಾನು ಈಗ ಹೇಗಿದ್ದೇನೋ ಹಾಗೇ ನೀನು ನೋಡು. ಬರಬಹುದೋ ಬೇಡವೋ, ಆ ಖಾಲಿ ಜಾಗದಲ್ಲೇ ಬರೆದು ಕಳಿಸು. ಕೆಂಪು ಇಂಕಿನಲ್ಲಿ ಬರೆ. ಅದು ಕಣ್ಣಿಗೆ ಸಿಗುವವರೆಗೂ ಮುಖ ತಿರುಗಿಸುತ್ತೇನೆ.