ಕೇಳಿದರೂ ಕೊಡಿಸಬೇಡಿ

ಫೆಬ್ರವರಿ ೨, ಭಾನುವಾರ

ಇವತ್ತೂ ಮಂಜುಗಡ್ಡೆ. ಉಸಿರಮ್ಮ ಟ್ರೇ ಹಿಡಿದು ಬಂದು ಒಬ್ಬೊಬ್ಬರ ಅಂಗೈಗೂ ಒಂದೊಂದು ತುಂಡು ಇಟ್ಟರು, ಗಂಡಂದಿರಿಗೂ. ಹೆರಿಗೆ ತರಗತಿಯ ಈ ದಾದಿ ಮಾತಿಗೊಮ್ಮೆ ‘ಉಸಿರು, ಉಸಿರು’ ಅನ್ನುತ್ತಾರೆ. ಹೆಸರಿಟ್ಟವರು ನಾವು ಗಂಡಂದಿರು. ಅವರಿಗೂ ಗೊತ್ತು, ನಗುತ್ತಾರೆ.

ಮುಷ್ಟಿ ಮುಚ್ಚಬೇಕು. ಕೊರೆಯುವುದನ್ನು ಗಮನಿಸುತ್ತಾ ಉಸಿರಾಡಬೇಕು. “ನೋವಿನ ಜೊತೆ ಜಗಳಕ್ಕೆ ನಿಲ್ಬೇಡಿ. ಬಂತಾ, ಬಾ ಅನ್ನಿ. ಹೊರಟಿತಾ, ಹೋಗಿ ಬಾ ಅನ್ನಿ.”

ಎಲ್ಲರಿಗಿಂತ ಮೊದಲು ಕೈಬಿಟ್ಟವನು ನಾನೇ. ನಗು. ಇವಳು ಬಿಡಲಿಲ್ಲ. ಸಾಕು ಅಂದ ಮೇಲೂ ಬಿಡಲಿಲ್ಲ. ನೀರು ಮೊಣಕೈಗಿಳಿದು ನೆಲಕ್ಕೆ ತೊಟ್ಟಿಕ್ಕಿತು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಉಳಿದವರು ಚಪ್ಪಾಳೆ ತಟ್ಟಿದರು. ನನಗೆ ಯಾಕೋ ದಿಗಿಲಾಯಿತು.

ಬಸ್ಸಿನಲ್ಲಿ ಆ ಕೈ ಹಿಡಿದುಕೊಂಡೆ. ಇನ್ನೂ ತಣ್ಣಗೆ. “ಯಾರ ಹತ್ರ ಪಂದ್ಯ ಕಟ್ಟಿದ್ದೀಯ?”

“ಯಾರ ಹತ್ರನೂ ಇಲ್ಲ ರೀ.” ಕಿಟಕಿಯ ಕಡೆ ತಿರುಗಿಕೊಂಡಳು.

ಫೆಬ್ರವರಿ ೫

ಅರ್ಧ ದಿನ ರಜೆ. ಡಾಕ್ಟರ್ ಹತ್ತಿರ. ಹೊಟ್ಟೆಯ ಹಳೆಯ ಹೊಲಿಗೆ ಒತ್ತಿ ನೋಡಿದರು. ಮೊದಲನೆಯದು ಆಪರೇಷನ್ ಆದರೂ ಈ ಸಲ ಸಹಜ ಹೆರಿಗೆಗೆ ಪ್ರಯತ್ನಿಸಬಹುದಂತೆ. ಮನೆಯಲ್ಲಿ ಅಲ್ಲ, ಆಸ್ಪತ್ರೆಯಲ್ಲೇ. ಮಾನಿಟರ್ ಹಾಕಿರುತ್ತಾರೆ. ಎಡವಟ್ಟಾದರೆ ಪಕ್ಕದಲ್ಲೇ ಥಿಯೇಟರ್.

“ನೋವು ತಡೆಯೋಕಾಗದಿದ್ರೆ ಬೆನ್ನಿಗೆ ಇಂಜೆಕ್ಷನ್ ಕೊಡ್ತೀವಿ. ಎಚ್ಚರವಾಗೇ ಇರ್ತೀರಿ.”

“ಬೇಡ. ಯಾವ ಔಷಧೀನೂ ಬೇಡ.”

“ಯೋಚನೆ ಮಾಡಿ ಹೇಳಿ.”

“ಮಾಡೇ ಹೇಳ್ತಿದ್ದೀನಿ.”

ದಿನವಿಡೀ ಔಷಧದಂಗಡಿ ಕೌಂಟರಿನಲ್ಲಿ ನಿಂತು ತಲೆನೋವಿಗೆ, ಹಲ್ಲುನೋವಿಗೆ, ಸೊಂಟನೋವಿಗೆ ಮಾತ್ರೆ ಎಣಿಸಿ ಕೊಡುವವಳು!

ಅತ್ತೆ ನಿನ್ನೆಯೇ ಬಂದು ಬೀಡುಬಿಟ್ಟಿದ್ದಾರೆ. ಅವರಿಗೆ ಸಿಟ್ಟು. “ನಮ್ಮ ಕಾಲದಲ್ಲಿ ಇರ್ಲಿಲ್ಲ, ಅದಕ್ಕೇ ಕಿರುಚ್ಕೊಂಡು ಹೆತ್ವಿ. ಇದ್ದಿದ್ರೆ ಬಾಟ್ಲಿ ಸಮೇತ ಕುಡೀತಿದ್ದೆ. ನೀವಾದ್ರೂ ಹೇಳಿ ಅವಳಿಗೆ.”

ನಾನು ಏನು ಹೇಳಲಿ? ಹೊರುವವಳು ಅವಳು. ನಾನು ಬ್ಯಾಗು ಹಿಡಿಯುವವನು.

ಫೆಬ್ರವರಿ ೯, ಸಂಜೆ

ಮತ್ತೆ ಕೇಳಿದಳು. ತುಂಬಾ ದಿನದ ಮೇಲೆ. ಒಗೆದ ಬಟ್ಟೆ ಮಡಚುತ್ತಾ, ಹಾಲು ಬಂತಾ ಅಂತ ಕೇಳುವ ಹಾಗೆ.

“ಕಣ್ಣು ಬಿಟ್ಟಿತ್ತಾ?”

“ಬಿಟ್ಟಿತ್ತು. ಒಂದೇ ಸಲ. ಲೈಟ್ ಕಡೆ ನೋಡ್ತು.”

“ಅತ್ತಿತ್ತಾ?”

“ಇಲ್ಲ. ಬೆಕ್ಕಿನ ಮರಿ ಹಾಗೆ ಒಂದು ಸದ್ದು, ಅಷ್ಟೆ.”

ಅವತ್ತು ಎಲ್ಲವೂ ತುರ್ತು. ಇವಳಿಗೆ ಪೂರ್ತಿ ಮಂಪರು ಕೊಟ್ಟು ಒಳಗೆ ಒಯ್ದಿದ್ದರು. ಮಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟರು, ಇಟ್ಟುಕೊಂಡಿರಿ ಅಂದರು. ಯಾಕೆ ಹಾಗೆ ಅಂದರು ಅಂತ ಆಮೇಲೆ ತಿಳಿಯಿತು. ಇವಳಿಗೆ ಎಚ್ಚರವಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಟವೆಲ್ ಮಡಚಿ ಇಟ್ಟಳು. “ನೀವು ನೋಡಿದ್ದೀರಿ. ನಾನು ಬರೀ ಕೇಳಿದ್ದೀನಿ. ಹೆತ್ತವಳು ನಾನು, ಕಥೆ ಹೇಳೋರು ನೀವು.”

ಮುಂದಿನ ಬಟ್ಟೆಗೆ ಕೈ ಹಾಕಿದಳು.

“ಈ ಸಲ ಏನೇ ಆಗ್ಲಿ, ನಾನು ಅಲ್ಲಿರ್ಬೇಕು. ಪೂರ್ತಿ.”

“ಬೆನ್ನಿಗೆ ಕೊಟ್ರೂ ಎಚ್ಚರ ಇರುತ್ತೆ ಅಂದ್ರಲ್ಲ ಡಾಕ್ಟರ್...”

“ಸೊಂಟದಿಂದ ಕೆಳಗೆ ನಾನಿರಲ್ಲ ಅಲ್ವಾ? ಅಷ್ಟೂ ತಪ್ಪಿಹೋಗೋದು ಬೇಡ.”

ಫೆಬ್ರವರಿ ೧೬

ತರಗತಿಯಲ್ಲಿ ಗುಟ್ಟಿನ ಪದ. ಪ್ರತಿ ಜೋಡಿಯೂ ಒಂದು ಪದ ಆರಿಸಿಕೊಳ್ಳಬೇಕು. ನೋವಿನಲ್ಲಿ ಹೆಂಗಸು ಬೈದರೂ, ಔಷಧ ಕೊಡಿ ಅಂತ ಅರಚಿದರೂ ಗಂಡ ಸಮಾಧಾನ ಹೇಳುತ್ತಾ ಇರಬೇಕು. ಆ ಪದ ಅಂದಳೋ, ಮರುಮಾತಿಲ್ಲದೆ ನರ್ಸನ್ನು ಕರೆಯಬೇಕು. ಒಬ್ಬರು ‘ಛತ್ರಿ’ ಅಂದರು. ಇನ್ನೊಬ್ಬರು ‘ಸೋಫಾ’. ಹಿಂದಿನ ಸಾಲಿನ ದಂಪತಿ ‘ನಾದಿನಿ’ ಅಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಮ್ಮ ಸರದಿ ಬಂದಾಗ ಇವಳು, “ನಮಗೆ ಬೇಡ” ಅಂದಳು. “ಬಾಗಿಲಿದೆ ಅಂತ ಗೊತ್ತಿದ್ರೆ ಹೊರಗೆ ಓಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತು.”

ಉಸಿರಮ್ಮ ತರಗತಿ ಮುಗಿದ ಮೇಲೆ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡರು. “ಬಾಗಿಲು ಇರ್ಲಿ ಬಿಡಮ್ಮ. ಇದ್ದ ಮಾತ್ರಕ್ಕೆ ಹೋಗ್ಲೇಬೇಕು ಅಂತೇನಿಲ್ಲ.” ತಲೆಯಾಡಿಸಿದಳು. ಒಪ್ಪಿದ್ದಲ್ಲ, ಮಾತು ಮುಗಿಸಲಿಕ್ಕೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು. “ಮಾತು ಕೊಡಿ. ನಾನು ಕೇಳಿದರೂ ಕೊಡಿಸಬೇಡಿ. ಅತ್ತರೂ. ಕಾಲು ಹಿಡಿದರೂ.”

ಕೊಟ್ಟೆ. ಎಲುಬಿಲ್ಲದ ನಾಲಿಗೆ, ಕೊಡುವುದಕ್ಕೇನು.

ಫೆಬ್ರವರಿ ೨೫

ಕೆಲಸದಲ್ಲಿ ಕಿರಿಕಿರಿ. ಹಳೆಯ ಕಚೇರಿ ಕಟ್ಟಡ, ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಒಳಗೆ ಒಬ್ಬಾಕೆ. ಬಾಗಿಲಿಗೆ ಬಾಯಿಟ್ಟು ಮಾಮೂಲಿ ದನಿಯಲ್ಲಿ ಹೇಳುತ್ತಾ ಇದ್ದೆ—“ಅಮ್ಮಾ, ನಾನಿಲ್ಲೇ ಇದ್ದೀನಿ. ಗಾಳಿ ಬರುತ್ತೆ, ಏನೂ ಆಗಲ್ಲ. ಕೆಳಗೆ ಕೂತ್ಕೊಳ್ಳಿ.” ಮೇಲೆ ನಮ್ಮ ಹಿರಿಯ ಮೆಕ್ಯಾನಿಕ್ ಗಡ್ಡದಣ್ಣ ಲಿಫ್ಟಿನ ಮೋಟರು ಕೈಯಲ್ಲಿ ತಿರುಗಿಸುತ್ತಿದ್ದ. ಈ ದನಿ ನನಗೆ ಕಲಿಸಿದವನು ಅವನೇ. ಜೋಗುಳಕ್ಕಿಂತ ಸ್ವಲ್ಪ ಗಟ್ಟಿ, ಆಜ್ಞೆಗಿಂತ ಸ್ವಲ್ಪ ಮೆತ್ತಗೆ.

ಹೊರಗೆ ಬಂದ ಆಕೆ ನೀರು ಕುಡಿದು ನನ್ನನ್ನೇ ನೋಡಿದಳು. “ನಿಮ್ಮ ದನಿ ಕೇಳಿದಷ್ಟೂ ಮೈ ಉರೀತಿತ್ತು ಕಣ್ರೀ. ಹೊರಗೆ ನಿಂತೋರಿಗೆ ಏನೂ ಆಗಲ್ಲ ಬಿಡಿ.”

ಗಡ್ಡದಣ್ಣ ದಾರಿಯುದ್ದಕ್ಕೂ ನಕ್ಕ. ನನಗೆ ನಗು ಬರಲಿಲ್ಲ.

ಮಾರ್ಚ್ ೧೧

ಬರೆಯದೆ ಎಷ್ಟೋ ದಿನವಾಯಿತು. ಅಭ್ಯಾಸ, ಕೆಲಸ, ಅಭ್ಯಾಸ. ಸಂಜೆ ಮೆಟ್ಟಿಲು ಹತ್ತಿಸಿ ಇಳಿಸುವುದು. (ಲಿಫ್ಟು ರಿಪೇರಿಯವನ ಹೆಂಡತಿಗೆ ಮೆಟ್ಟಿಲೇ ಗತಿ, ಅಂತಾಳೆ.) ಟೆನಿಸ್ ಚೆಂಡಿನಿಂದ ಸೊಂಟ ತಿಕ್ಕುವುದು. ಗೋಡೆಗೆ ಕೈಯೂರಿ ಅವಳು ತೂಗುತ್ತಾಳೆ, ಹಿಂದೆ ನಿಂತು ನಾನೂ ತೂಗುತ್ತೇನೆ. ಇವತ್ತು ಅತ್ತೆ ಬಾಗಿಲಲ್ಲಿ ನಿಂತು, “ಇಬ್ರಲ್ಲಿ ಹೆರೋರು ಯಾರು?” ಅಂದರು. ಮೂವರೂ ನಕ್ಕೆವು. ಮಗು ಒಳಗಿಂದ ಒದ್ದಿತು. ಕೈಯಿಟ್ಟು ನೋಡಿದೆ.

ಇದೊಂದು ಸಂಜೆ ಸಾಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಭಯವಾಯಿತು.

ಮಾರ್ಚ್ ೧೯, ಬೆಳಗ್ಗೆ

ಶುರುವಾಯಿತು. ಅಡುಗೆಮನೆಯಲ್ಲಿ ನಿಂತವಳು ಕಟ್ಟೆ ಹಿಡಿದುಕೊಂಡು “ಬಂತು” ಅಂದಳು. ನಗುತ್ತಿದ್ದಾಳೆ! ಅತ್ತೆ ಟ್ಯಾಕ್ಸಿಗೆ ಫೋನ್ ಮಾಡುತ್ತಿದ್ದಾರೆ. ಬ್ಯಾಗು ಎಲ್ಲಿ

ಅದೇ ದಿನ, ಆಸ್ಪತ್ರೆ

ಹೊಟ್ಟೆಗೆ ಮಾನಿಟರ್ ಪಟ್ಟಿ. ಮಗುವಿನ ಎದೆಬಡಿತ ಚೆನ್ನಾಗಿದೆ. ಒಳ್ಳೆ ಉಸಿರಾಟ ಅಂತ ನರ್ಸು ಹೊಗಳಿದಳು. ಕಾರಿಡಾರಿನಲ್ಲಿ ನಡೆಸುತ್ತಿದ್ದೇನೆ. ನೋವು ಬಂದಾಗ ನನ್ನ ಕೊರಳಿಗೆ ಜೋತುಬೀಳುತ್ತಾಳೆ. “ಬಾ, ಬಾ” ಅಂತಾಳೆ, ನೋವಿಗೆ. ಅತ್ತೆ ಹೊರಗೆ ಬೆಂಚಿನ ಮೇಲೆ. ಆಗುತ್ತದೆ. ಇವಳಿಂದ ಆಗುತ್ತದೆ.

ಮಧ್ಯಾಹ್ನ

ಈಗ ಬಾ ಅನ್ನುತ್ತಿಲ್ಲ.

ಮಾರ್ಚ್ ೨೩

ಗಂಡು ಮಗು. ಇಬ್ಬರೂ ಕ್ಷೇಮ. ನಿನ್ನೆ ಮನೆಗೆ ಬಂದೆವು. ಇದನ್ನು ಮೊದಲು ಬರೆದುಬಿಡಬೇಕು, ಉಳಿದದ್ದು ಆಮೇಲೆ.

ಉಳಿದದ್ದು.

ಮಧ್ಯಾಹ್ನದ ಹೊತ್ತಿಗೆ ಇವಳ ಕಣ್ಣು ಬೇರೆಯಾಗಿತ್ತು. ನನ್ನನ್ನು ನೋಡುತ್ತಿತ್ತು, ಗುರುತಿರಲಿಲ್ಲ. ಒಂದು ನೋವು ಇಳಿಯುವ ಮೊದಲೇ ಇನ್ನೊಂದು. ಉಸಿರು ನೆನಪಿಸಿದೆ. ಸೊಂಟ ಒತ್ತಿದೆ, ಕೈ ತಳ್ಳಿದಳು. ಆಮೇಲೆ ನನಗೇ ಗೊತ್ತಿಲ್ಲದೆ ಆ ದನಿ ಬಂತು. ನಾನಿಲ್ಲೇ ಇದ್ದೀನಿ. ಏನೂ ಆಗಲ್ಲ.

“ಮುಚ್ಚೋ ಬಾಯಿ!”

ಇಷ್ಟು ವರ್ಷದಲ್ಲಿ ಮೊದಲ ಸಲ ಏಕವಚನ. “ಆ ಇಂಜೆಕ್ಷನ್ ಕೊಡ್ಸೋ. ಆಗಲ್ಲ ನನ್ ಕೈಲಿ. ಕೊಡ್ಸೋ.”

ನರ್ಸು ಒಳಗೆ ಬಂದಳು. “ಏನಮ್ಮ, ಡಾಕ್ಟರಿಗೆ ಹೇಳ್ಲಾ?”

“ಹೇಳಿ, ಹೇಳಿ...”

ನಾನು ಅಡ್ಡ ಬಂದೆ. “ಸಿಸ್ಟರ್, ಸ್ವಲ್ಪ ತಡೀರಿ. ಬೇಡ ಅಂತ ಅವಳೇ ಹೇಳಿದ್ದಾಳೆ. ಕೇಳಿದರೂ ಕೊಡಬೇಡಿ ಅಂದಿದ್ದಾಳೆ.”

ನರ್ಸು ಇವಳ ಕಡೆ ಬಗ್ಗಿದಳು. “ಹೌದೇನಮ್ಮ?”

ಅದೇ ಹೊತ್ತಿಗೆ ಮತ್ತೊಂದು ನೋವು ಬಂತು. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಮಂಚದ ಸರಳು ಹಿಡಿದಿದ್ದಳು. ಉತ್ತರ ಕೊಡುವ ಹಾಗಿರಲಿಲ್ಲ. ಉತ್ತರ ನಾನು ಕೊಟ್ಟೆ.

“ಹೌದು.”

ಪಕ್ಕದ ಕೋಣೆಯಿಂದ ಯಾರೋ ಕೂಗಿದರು. ಈಗ ಬಂದೆ ಅಂತ ನರ್ಸು ಹೋದಳು. ಮರಳಿ ಬಂದಾಗ ಡಾಕ್ಟರ್ ಜೊತೆಗಿದ್ದರು. ಪರೀಕ್ಷೆ ಮಾಡಿ, “ಇನ್ನು ಇಂಜೆಕ್ಷನ್‌ಗೆ ಹೊತ್ತು ಮೀರಿತು. ತಲೆ ಕೆಳಗೆ ಬಂದಿದೆ. ಇನ್ನೇನು, ಆಯ್ತು” ಅಂದರು.

ಆದರೆ ‘ಇನ್ನೇನು’ ಅಂದಷ್ಟು ಬೇಗ ಆಗಲಿಲ್ಲ. ಅದರ ನಂತರವೇ ಇದ್ದದ್ದು ನಿಜವಾದ ಹೊತ್ತು. ಅದನ್ನು ಬರೆಯಲಾರೆ. ಅವಳ ಬಾಯಿಂದ ಬಂದ ಸದ್ದು ಮನುಷ್ಯರದಾಗಿರಲಿಲ್ಲ. ಸುಮ್ಮನೆ ನಿಂತಿದ್ದೆ. ಒಮ್ಮೆ ಬಾಗಿಲ ಕಡೆ ನೋಡಿದೆ ಕೂಡ.

ಮಾರ್ಚ್ ೨೭

ಎಲ್ಲರ ಬಾಯಲ್ಲೂ ಹೊಗಳಿಕೆ. ಔಷಧದಂಗಡಿಯ ಯಜಮಾನರು ಹೆಂಡತಿ ಸಮೇತ ಬಂದು ಹೋದರು. ಒಂದು ಮಾತ್ರೆಯೂ ಇಲ್ಲದೆ, ಆಪರೇಷನ್ ಆದ ಹೊಟ್ಟೆಯಲ್ಲಿ! ಎಂಥಾ ಧೈರ್ಯ! ಗಂಡ ಪಕ್ಕದಲ್ಲೇ ನಿಂತಿದ್ದನಂತೆ, ಪುಣ್ಯ ಮಾಡಿದ್ದೀಯಮ್ಮ. ಇವಳು ನಕ್ಕು, ಮಗುವಿನ ಟೋಪಿ ಸರಿಮಾಡುತ್ತಾಳೆ.

ನನ್ನ ಜೊತೆ ಮಾತಾಡುವುದಿಲ್ಲ ಅಂತೇನಿಲ್ಲ. “ಬಿಸಿನೀರು ತರ್ತೀರಾ?” “ಊಟ ಮಾಡಿದ್ರಾ?” ಬಹುವಚನ ವಾಪಸ್ ಬಂದಿದೆ. ಇಷ್ಟು ದೂರದ ‘ನೀವು’ ಯಾವತ್ತೂ ಕೇಳಿರಲಿಲ್ಲ.

ಅತ್ತೆಗೆ ಗೊತ್ತಾಗಿದೆ. ಪಾತ್ರೆ ತೊಳೆಯುತ್ತಾ, ತಿರುಗಿ ನೋಡದೆ, “ಬಾಣಂತಿ ಮನಸ್ಸು, ಒಂದಿಷ್ಟು ದಿನ ತಡೀರಿ” ಅಂದರು. ಬಾಣಂತಿ ಮನಸ್ಸಲ್ಲ. ಬಾಣಂತಿಯ ತಲೆಗೆ ಎಲ್ಲವನ್ನೂ ಕಟ್ಟಬಾರದು.

ಮಾರ್ಚ್ ೩೦

ಕೇಳಿಯೇಬಿಟ್ಟೆ. ಅತ್ತೆ ಅಂಗಡಿಗೆ ಹೋಗಿದ್ದರು, ಮಗು ಮಲಗಿತ್ತು.

“ನೀನೇ ಅಲ್ವಾ ಮಾತು ತಗೊಂಡಿದ್ದು?”

ಮಗುವಿನ ಹೊದಿಕೆ ಸರಿಮಾಡಿದಳು. “ಹೌದು. ತಗೊಂಡವಳು ಬೇರೆ, ಕೇಳಿದವಳು ಬೇರೆ. ತಗೊಂಡವಳಿಗೆ ನೋವು ಏನು ಅಂತ ಗೊತ್ತಿರ್ಲಿಲ್ಲ. ಕೈಯಲ್ಲಿ ಐಸ್ ಹಿಡ್ಕೊಂಡು ಜಂಬ ಪಟ್ಟಿದ್ಲು. ನೀವು ಅವಳ ಮಾತು ಉಳಿಸಿದ್ರಿ.”

“ನಾನು ಕೊಡಿಸಿದ್ರೆ, ಆಮೇಲೆ ಯಾಕೆ ಕೊಡಿಸಿದ್ರಿ ಅಂತಿದ್ದೆ.”

“ಅಂತಿದ್ದೆ.”

“ಮತ್ತೆ?”

“ಮತ್ತೇನು. ಆ ಬೈಗುಳ ತಿನ್ಬೇಕಿತ್ತು ನೀವು.”

ಎದ್ದು ಒಳಗೆ ಹೋದಳು. ಹೆರಿಗೆಯಲ್ಲಿ ಹೊಲಿಗೆ ಹಾಕಿದ ಜಾಗ ಇನ್ನೂ ನೋಯುತ್ತದೆ, ಗೋಡೆ ಹಿಡಿದು ನಡೆಯುತ್ತಾಳೆ. ಏಳುವಾಗ ಕೈ ಕೊಡಲು ಹೋಗಿದ್ದೆ. ಕಾಣಲಿಲ್ಲವೋ, ಕಂಡೂ ಬೇಡವಾಯಿತೋ.

ಏಪ್ರಿಲ್ ೪

ಕೆಲಸಕ್ಕೆ ವಾಪಸ್. ಗಡ್ಡದಣ್ಣ ಕೈ ಕುಲುಕಿ, “ಹೇಗಿತ್ತೋ ಒಳಗೆ?” ಅಂದ. ಅವನಿಗೆ ಮೂವರು ಮಕ್ಕಳು, ಮೂರು ಸಲವೂ ಹೊರಗೆ ಬೆಂಚಿನ ಮೇಲೆ ಕೂತವನು. ಹೇಳಿದೆ. ಎಲ್ಲ ಹೇಳಿದೆ, ನರ್ಸಿಗೆ ಹೌದು ಅಂದಿದ್ದನ್ನೂ. ಗ್ರೀಸು ಒರೆಸಿಕೊಳ್ಳುತ್ತಾ ಕೇಳಿಸಿಕೊಂಡ.

“ನಿಜ ಹೇಳು. ಮಾತಿಗೋಸ್ಕರ ಹೌದು ಅಂದ್ಯಾ, ಹೆದರಿ ಅಂದ್ಯಾ?”

ಸ್ಪ್ಯಾನರ್ ತೆಗೆದುಕೊಂಡು ಕೆಲಸಕ್ಕೆ ಬಗ್ಗಿದೆ. ಆ ಕೋಣೆಯಲ್ಲಿ ಸೂಜಿ ಕಂಡರೆ ಸಾಕು, ಹಿಂದಿನ ಸಲದ ಮಂಪರು, ಬಟ್ಟೆಯ ಗಂಟು, ನನ್ನ ಕೈ. ಎಲ್ಲ ಮತ್ತೆ ಬಂದುಬಿಡುತ್ತದೆ ಅನ್ನಿಸಿತ್ತು. ನರ್ಸಿಗೆ ಅಡ್ಡ ಬಂದದ್ದೂ, ಹೌದು ಅಂದದ್ದೂ ಅದಕ್ಕೆ. ಮಾತಿನ ನೆನಪಾದದ್ದು ಆಮೇಲೆ, ತಡೀರಿ ಅಂದ ಮೇಲೆ.

ಇದು ಅವಳಿಗೆ ಗೊತ್ತಿಲ್ಲ. ಅವಳು ನನ್ನನ್ನು ಮಾತು ಉಳಿಸಿದವನು ಅಂದುಕೊಂಡು ಸಿಟ್ಟಾಗಿದ್ದಾಳೆ.

ಏಪ್ರಿಲ್ ೬, ಭಾನುವಾರ

ಹೇಳಿಬಿಟ್ಟೆ.

ಮಗುವಿಗೆ ಹಾಲು ಕೊಡುತ್ತಿದ್ದಳು. ತಲೆಯೆತ್ತಲಿಲ್ಲ. ಬೈಯುತ್ತಾಳೆ ಅಂದುಕೊಂಡೆ. ಮಗುವನ್ನು ಇನ್ನೊಂದು ಪಕ್ಕಕ್ಕೆ ಬದಲಿಸಿ, “ಹೆದರಿದ್ರಾ?” ಅಂದಳು.

“ತುಂಬಾ.”

“ನಾನೂ.” ಅಷ್ಟೆ. ಊಟದ ಹೊತ್ತಿನಲ್ಲಿ ಅತ್ತೆ ನಮ್ಮಿಬ್ಬರ ಮುಖ ನೋಡಿ ನೋಡಿ ಸಾಕಾಗಿ, ಮೊಮ್ಮಗನ ಹತ್ತಿರ ಮಾತಾಡತೊಡಗಿದರು.

ಏಪ್ರಿಲ್ ೧೩, ಭಾನುವಾರ, ಬೆಳಗ್ಗೆ

ಒಳ್ಳೆಯ ಬಿಸಿಲು. ಅತ್ತೆ ಮಗುವನ್ನು ಮಹಡಿಗೆ ಒಯ್ದಿದ್ದಾರೆ. ಮನೆಯಲ್ಲಿ ಸದ್ದಿಲ್ಲ. ಇವಳು ಸ್ನಾನ ಮುಗಿಸಿ ಬಂದು, ಎದುರಿನ ಕುರ್ಚಿ ಎಳೆದು ಕೂತಿದ್ದಾಳೆ. ತಲೆಗೆ ಟವೆಲ್. ನಾನು ಬರೆಯುವುದನ್ನು ನೋಡುತ್ತಿದ್ದಾಳೆ, ಓದುತ್ತಿಲ್ಲ.

“ಅವನು ಹುಟ್ಟಿ ಮೊದಲ ಸಲ ಅತ್ತಾಗ ನೀವು ಎಲ್ಲಿದ್ರಿ?” ಅಂತಾಳೆ.

ಅಲ್ಲೇ ಇದ್ದೆ. ಮಂಚದ ತಲೆಯ ಹತ್ತಿರ. ಆದರೆ ಅತ್ತದ್ದು ನೆನಪಿಲ್ಲ. ಒಂದಿಷ್ಟೂ ಇಲ್ಲ. ಹಾಗೇ ಹೇಳಿದೆ.

“ನನಗಿದೆ,” ಅಂದಳು. “ಎಲ್ಲಾ ಇದೆ. ಚೆನ್ನಾಗಿರೋದೂ ಇದೆ, ನಿಮ್ಮ ಮೇಲೆ ಇನ್ನೂ ಹೋಗದಿರೋ ಸಿಟ್ಟೂ ಇದೆ. ಎರಡೂ ಹೇಳ್ತೀನಿ. ಮಧ್ಯೆ ಬಾಯಿ ಹಾಕಬಾರದು. ಸಮಾಧಾನ ಹೇಳಬಾರದು. ಪೆನ್ನು ಕೆಳಗಿಡಿ.”

ಒಂದೇ ಸಾಲು, ಮುಗಿಸಿಬಿಡ್ತೀನಿ ಅಂದೆ.

“ಈಗ್ಲೇ,” ಅಂತಾಳೆ, ಕೈ ಚಾಚಿ