ಏಳನೇ ಬಾಕ್ಸ್ ಓದುಗರ ಬಳಿ ಇದೆ

ಜೂನ್ 3, ಮಂಗಳವಾರ. ಊಟದ ಬಿಡುವು

ನಮ್ಮ ಆರ್ಕೈವ್ಸಿನ ರೀಡಿಂಗ್ ರೂಮಿನಲ್ಲಿ ಇವತ್ತೂ ಒಬ್ಬರು ಬೆರಳು ನೆಕ್ಕಿ ಹಾಳೆ ತಿರುಗಿಸಿದರು. ಪಿಎಚ್‌ಡಿ ಗೈಡ್ ಅಂತೆ. ಎದುರಿಗೇ ಬೋರ್ಡ್ ಇದೆ, ತೆಲುಗಿನಲ್ಲೂ ಇಂಗ್ಲಿಷಿನಲ್ಲೂ. ಪೆನ್ಸಿಲ್ ಮಾತ್ರ. ಚೀಲ ಹೊರಗೆ. ಒಂದು ಸಲಕ್ಕೆ ಒಂದೇ ಬಾಕ್ಸ್. ಕೈ ತೊಳೆದು ಬನ್ನಿ. ನೆಕ್ಕಬೇಡಿ ಅಂತ ಬೇರೆ ಬರೆಸಬೇಕೇನೋ! ಹೇಳಿದ್ದಕ್ಕೆ ಮುಖ ಕೆಂಪಾಯಿತು. "ಮೂವತ್ತು ವರ್ಷದಿಂದ ಆರ್ಕೈವ್ಸ್ ನೋಡಿದವನು ನಾನು, ಮೇಡಂ." ಹಾಗಾದರೆ ಮೂವತ್ತು ವರ್ಷದಿಂದ ನೆಕ್ಕುತ್ತಿದ್ದೀರಿ ಸಾರ್... ಅನ್ನಲಿಲ್ಲ. ಅನ್ನಬೇಕಿತ್ತು.

ಮನೆಯಲ್ಲಿ ಹೇಳಿದರೆ ಮಣಿಕಂಠ ನಗುತ್ತಾರೆ. ಸ್ಟೀಲ್ ಪ್ಲಾಂಟಿನ ಸೇಫ್ಟಿ ವಿಭಾಗದಲ್ಲಿ ನನ್ನ ಗಂಡನ ಕೆಲಸವೇ ಹೆಲ್ಮೆಟ್ ಹಾಕದವರನ್ನು ಬೈಯುವುದು. ಆದರೂ ನನ್ನ ಪೆನ್ಸಿಲ್ ಅವರಿಗೆ ತಮಾಷೆ. ಅದಕ್ಕೇ ಇಲ್ಲಿ ಬರೆಯುವುದು. ವೈಜಾಗಿನ ಎಂವಿಪಿ ಕಾಲೋನಿಯ ನಮ್ಮ ಫ್ಲ್ಯಾಟಿನಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ಅವರಿಗೆ ಮಾತು ಬರುತ್ತದೆ, ಅಕ್ಷರ ಬಾರದು. ಮಗಳು ಗಗನಾಗೆ ಮಾತೂ ಅರ್ಧ. ಬೀಗ ಬೇಡದ ಡೈರಿ.

ಜೂನ್ 5, ಗುರುವಾರ

ಅನಕಾಪಲ್ಲಿಯಿಂದ ಒಬ್ಬ ಹೆಂಗಸು. ರಾಜ್ಯಲಕ್ಷ್ಮಿ. ಎಪ್ಪತ್ತರ ಹತ್ತಿರ. ಬಸ್ಸಿನ ಸೆಕೆಗೆ ರವಿಕೆಯೆಲ್ಲ ಒದ್ದೆ. ಕೈಯಲ್ಲಿ ಬೆಲ್ಲದ ಪೊಟ್ಟಣ, "ನಿಮಗೇ ಅಮ್ಮಾ." ತೆಗೆದುಕೊಳ್ಳಲಿಲ್ಲ. ಓದುಗರಿಂದ ಏನೂ ತೆಗೆದುಕೊಳ್ಳುವಂತಿಲ್ಲ. ಮೇಲಾಗಿ ಬೆಲ್ಲ ಒಳಗೆ ಬಂದರೆ ಇರುವೆ ಬರುತ್ತದೆ.

"ಏನು ರಿಸರ್ಚ್ ನಿಮ್ಮದು?"

"ರಿಸರ್ಚ್ ಏನಿಲ್ಲಮ್ಮಾ. ನಮ್ಮ ಅಕ್ಕನ ಮುಖ ನೋಡಬೇಕು."

ಅಕ್ಕ ಸೂರ್ಯಕಾಂತಮ್ಮ. ಹತ್ತೊಂಬತ್ತಕ್ಕೇ ಜ್ವರದಲ್ಲಿ ಹೋದಳು. ಆಗ ಇವರು ಚಿಕ್ಕ ಹುಡುಗಿ. ಮನೆಯಲ್ಲಿದ್ದ ಒಂದೇ ಫೋಟೋ ಶಾರದಾ ನದಿ ಉಕ್ಕಿದ ವರ್ಷ ನೀರು ಪಾಲು. ಆದರೆ ಅದನ್ನು ತೆಗೆದ ಸ್ಟುಡಿಯೋದ ಹಳೇ ಫೋಟೋಗಳೆಲ್ಲ ವೈಜಾಗಿನ ಒಂದು ಟ್ರಸ್ಟ್‌ಗೆ ಹೋದವು ಅಂತ ಯಾರೋ ಹೇಳಿದ್ದಾರೆ. ನಿಜ. ಹೋದ ವರ್ಷ ನಮಗೆ ಬಂದವು. ಏಳನೇ ಬಾಕ್ಸಿನ ಮೇಲೆ ನಾವೇ ಚೀಟಿ ಅಂಟಿಸಿದ್ದೇವೆ: 'ಹೆಂಗಸರು. ಗುರುತಿಲ್ಲ.'

ಕಳಿಸಿಬಿಟ್ಟೆ. ನಿಯಮ ಮೂರು: ಪರಿಚಯ ಪತ್ರವಿಲ್ಲದವರಿಗೆ ಪ್ರವೇಶವಿಲ್ಲ. ಆಕೆ ಜಗಳವಾಡಲಿಲ್ಲ. ವಿಸಿಟರ್ ಪುಸ್ತಕದಲ್ಲಿ ಹೆಸರು, ಫೋನ್ ನಂಬರ್ ಬರೆದರು, ನೀರು ಕೇಳಿ ಕುಡಿದರು, ಬಸ್‌ಸ್ಟಾಪ್ ಯಾವ ಕಡೆ ಅಂತ ಕೇಳಿದರು. ಜಗಳವಾಡಿದ್ದರೆ ಚೆನ್ನಾಗಿತ್ತು. ಸಂಜೆಯವರೆಗೆ ತಲೆ ಸಿಡಿಯಿತು. ಅಕ್ಕನ ಮುಖ ನೋಡುವುದಕ್ಕೆ ಯಾವ ಯೂನಿವರ್ಸಿಟಿ ಪತ್ರ ಕೊಡುತ್ತದೆ? ಯಾವ ಪುಣ್ಯಾತ್ಮ ಬರೆದ ನಿಯಮ ಇದು?

ಜೂನ್ 17, ಮಂಗಳವಾರ

ಬೆಳಿಗ್ಗೆ ವಿಜಯವಾಡದ ಹೆಡ್ ಆಫೀಸಿನಿಂದ ಡೈರೆಕ್ಟರ್ ದಕ್ಷಿಣಾಮೂರ್ತಿ ಗಾರು ಫೋನ್. "ರೇಣುಕಾ ಗಾರು, ನಮ್ಮ ಟ್ರಸ್ಟಿಯವರ ಅಳಿಯ ಬರ್ತಿದ್ದಾರೆ, ಧೀರಜ್ ಅಂತ. ಸ್ವಲ್ಪ ನೋಡಿಕೊಳ್ಳಿ. ನಿಯಮ ಗಿಯಮ ಅಂತ ಹೆದರಿಸಬೇಡಿ." ಮಾತೆಲ್ಲ ತೆಲುಗಿನಲ್ಲೇ. ಬರೆಯುವಾಗ ತಾನಾಗಿ ಕನ್ನಡವಾಗುತ್ತದೆ.

ಬಂದ. ಪತ್ರ ಇಲ್ಲ. ಚೀಲ ಹೆಗಲಲ್ಲೇ. ಒಂದು ಕೈಯಲ್ಲಿ ಕೋಲ್ಡ್ ಕಾಫಿ, ತಳದಿಂದ ನೀರು ತೊಟ್ಟಿಕ್ಕುತ್ತಿದೆ, ನನ್ನ ಟೇಬಲ್ ಮೇಲೆ! ಕೂತದ್ದೂ ಟೇಬಲ್ ಮೇಲೇ. ಏಳನೇ ಬಾಕ್ಸ್ ಬೇಕಂತೆ. ಬರಿಗೈಯಲ್ಲಿ ಪ್ರಿಂಟುಗಳನ್ನು ಇಸ್ಪೀಟ್ ಎಲೆ ಹಾಗೆ ಹರಡಿದ. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡ. "ವಿಂಟೇಜ್ ಲೇಡೀಸ್! ಸೂಪರ್ ಆಂಟಿ!"

ಬೀಚ್ ರೋಡಿನಲ್ಲಿ ಹೊಸ ಹೋಟೆಲ್ ತೆರೆಯುತ್ತಿದ್ದಾನೆ. ಗೋಡೆ ತುಂಬ ಇವರು ಬೇಕಂತೆ. ಒಂದನ್ನು ಎತ್ತಿ ತೋರಿಸಿದ. ಮೂಗುತಿ ಹಾಕಿದ ಎಳೆ ಹೆಂಗಸು, ಉದ್ದ ಜಡೆ ಮುಂದೆ ಇಳಿಬಿಟ್ಟಿದ್ದಾಳೆ. "ಇವಳು ವಾಶ್‌ರೂಮ್ ಬಾಗಿಲಿಗೆ. ಲೇಡೀಸ್ ಅಂತ ಬರೆಸೋದೇ ಬೇಡ, ಏನಂತೀರಿ?"

ಏನನ್ನಲಿ? ಮನಸ್ಸಿನಲ್ಲೇ ಬೈದೆ: ಒಂದು ಕಾಲದಲ್ಲಿ ಆ ಮಗು ಹೊಸ ಸೀರೆ ಉಟ್ಟು, ತಲೆ ಬಾಚಿಸಿಕೊಂಡು, ಉಸಿರು ಬಿಗಿಹಿಡಿದು ಕೂತಿದ್ದು ನಿನ್ನ ಪಾಯಿಖಾನೆ ಬಾಗಿಲಿಗೇನೋ?

ಬಾಯಲ್ಲಿ ನಿಯಮ ಹದಿನಾಲ್ಕು ಹೇಳಿದೆ. ಖಾಸಗಿ ವ್ಯಕ್ತಿಗಳ ಫೋಟೋ ಬಳಸಲು ಮನೆಯವರ ಒಪ್ಪಿಗೆ ಬೇಕು.

"ಗುರುತಿಲ್ಲ ಅಂತ ನೀವೇ ಚೀಟಿ ಹಚ್ಚಿದ್ದೀರಲ್ಲ ಆಂಟಿ. ಯಾರನ್ನ ಕೇಳೋದು?"

ಗೋಡೆಯ ಅಳತೆಗೆ ಮೊಬೈಲ್ ಫೋಟೋ ಸಾಲದು, ಸೋಮವಾರ ಸ್ಕ್ಯಾನ್ ಮಾಡುವವನನ್ನು ಕಳಿಸುತ್ತಾನಂತೆ. ಅವನು ಹೋದ ಮೇಲೆ ಟೇಬಲ್ ಒರೆಸಿದೆ. ಪುನಃ ಒರೆಸಿದೆ. ಪತ್ರವಿಲ್ಲದ ಇವನನ್ನು ಒಳಗೆ ಕೂರಿಸಿದೆ. ಪತ್ರವಿಲ್ಲದ ಆಕೆಗೆ ಬಸ್‌ಸ್ಟಾಪ್ ತೋರಿಸಿದೆ.

ಜೂನ್ 18, ಬುಧವಾರ. ಬೆಳಿಗ್ಗೆ

ನಿಯಮಾವಳಿ ಮನೆಗೆ ತಂದಿದ್ದೆ. ಒಗ್ಗರಣೆ ಸೀಯಿಸಿಕೊಂಡು ಓದಿದೆ. ಹನ್ನೊಂದು ವರ್ಷದಿಂದ ಬಾಯಿಪಾಠ ಅಂದುಕೊಂಡಿದ್ದೆ. ಸುಳ್ಳು. ಪೂರ್ತಿ ಓದಿಯೇ ಇರಲಿಲ್ಲ.

ನಿಯಮ ಮೂರರಲ್ಲಿ ಯೂನಿವರ್ಸಿಟಿ ಅಂತ ಎಲ್ಲೂ ಇಲ್ಲ! 'ಯಾವುದೇ ವಿದ್ಯಾಸಂಸ್ಥೆಯ ಮುಖ್ಯಸ್ಥರ ಪತ್ರ' ಅಂತಿದೆ. ನಾವೇ ಯೂನಿವರ್ಸಿಟಿ ಅಂತ ಹೇಳಿ ಹೇಳಿ ಅಭ್ಯಾಸ. ನಿಯಮ ಹನ್ನೆರಡು: ಓದುಗರಿಗೆ ಕೊಟ್ಟ ಬಾಕ್ಸ್, ಮುಗಿಯಿತೆಂದು ಅವರೇ ಹೇಳುವವರೆಗೆ ಇನ್ನೊಬ್ಬರಿಗಿಲ್ಲ. ಎಷ್ಟು ದಿನ ಅಂತ ಇಲ್ಲ. ಅವಸರಪಡಿಸುವಂತೆಯೂ ಇಲ್ಲ.

ರಾಜ್ಯಲಕ್ಷ್ಮಿಗೆ ಫೋನ್ ಮಾಡಿದೆ. "ನಿಮ್ಮಕ್ಕ ಯಾವ ಸ್ಕೂಲಲ್ಲಿ ಓದಿದ್ದು?"

"ಇಲ್ಲೇ, ಮಾರ್ಕೆಟ್ ಹಿಂದೆ. ನಾನೂ ಅಲ್ಲೇ."

"ಹೆಡ್‌ಮಿಸ್ಟ್ರೆಸ್ ಹತ್ತಿರ ಒಂದು ಪತ್ರ ತನ್ನಿ. ಹಳೇ ವಿದ್ಯಾರ್ಥಿನಿಯ ಫೋಟೋ ಹುಡುಕುತ್ತಿದ್ದೀರಿ ಅಂತ. ನಿಜ ತಾನೇ?"

"ನಿಜವೇ ಅಮ್ಮಾ." ಆಮೇಲೆ ಮೆಲ್ಲಗೆ, "ಇದನ್ನ ಅವತ್ತೇ ಹೇಳಬಾರದಿತ್ತಾ?"

ಬೇಗ ಬನ್ನಿ ಅಂತ ಹೇಳಿ ಫೋನ್ ಇಟ್ಟೆ.

ಮಣಿಕಂಠ ಶೂ ಹಾಕಿಕೊಳ್ಳುತ್ತ ಕೇಳಿಸಿಕೊಂಡಿದ್ದಾರೆ. "ಏನಿದು, ನಿಯಮದಮ್ಮನೇ ನಿಯಮಕ್ಕೆ ತೂತು ಹೊಡೀತಿದಾಳೆ?"

"ತೂತಲ್ಲ ರೀ. ಪಾಲಿಸ್ತಿದೀನಿ. ಮೊದಲನೇ ಸಲ ಪೂರ್ತಿ."

"ಟ್ರಸ್ಟಿ ಅಳಿಯ ಕಣೇ. ಜಾಗ್ರತ್ತೆ."

ಜಾಗ್ರತ್ತೆಯಂತೆ. ಹೆಲ್ಮೆಟ್ ಎಲ್ಲಿ ಸಿಗುತ್ತದೆ ಇದಕ್ಕೆ?

ಜೂನ್ 20, ಶುಕ್ರವಾರ

ಬಂದರು. ಪತ್ರ, ಶಾಲೆಯ ದುಂಡು ಸೀಲು. ಫಾರಂ ತುಂಬಿಸಿದೆ. ಗ್ಲೌಸ್ ಹಾಕಿಸಿದೆ. ಆ ಬಿಳಿ ಗ್ಲೌಸ್ ನೋಡಿ ಅವರಿಗೇ ನಗು. ಬಾಕ್ಸ್ ಮುಂದಿಟ್ಟು, ಕಾರ್ಡಿನಲ್ಲಿ ಬರೆದೆ: ಏಳನೇ ಬಾಕ್ಸ್, ರಾಜ್ಯಲಕ್ಷ್ಮಿ, ಬಳಕೆಯಲ್ಲಿದೆ.

ಆ ಮೂಗುತಿಯವಳನ್ನು ಮೊದಲು ತೋರಿಸಿದೆ. ಇವಳೇ ಅಕ್ಕ ಅಂತ ನನ್ನ ಮನಸ್ಸು ಯಾಕೋ ತೀರ್ಮಾನ ಮಾಡಿಬಿಟ್ಟಿತ್ತು. ಹಾಗಿದ್ದರೆ ಧೀರಜ್ ಮುಖಕ್ಕೆ ಹೊಡೆದ ಹಾಗೆ ಹೇಳಬಹುದಿತ್ತಲ್ಲ — ಇಗೋ ಮನೆಯವರು, ಕೇಳು ಇವರನ್ನ!

ರಾಜ್ಯಲಕ್ಷ್ಮಿ ಬಹಳ ಹೊತ್ತು ನೋಡಿದರು. "ಅಲ್ಲಮ್ಮಾ. ನಮ್ಮಕ್ಕ ಅಲ್ಲ."

ವಾಶ್‌ರೂಮ್ ವಿಷಯ ಹೇಳಬಾರದಿತ್ತು. ಹೇಳಿಬಿಟ್ಟೆ. ಅವರು ಫೋಟೋವನ್ನು ಬೋರಲು ಹಾಕಿದರು. ಅಲ್ಲಿ ಧೀರಜ್ ನಿಂತಿದ್ದಾನೇನೋ, ಅವಳನ್ನು ಮರೆಮಾಡಬೇಕೇನೋ ಅನ್ನುವ ಹಾಗೆ.

"ನಮ್ಮಕ್ಕ ಅಲ್ಲದಿದ್ರೆ ಏನು? ಯಾರದೋ ಅಕ್ಕನೇ ಅಲ್ವಾ?"

ಸಂಜೆವರೆಗೆ ಕೂತರೂ ಕಾಲು ಭಾಗವೂ ಆಗಲಿಲ್ಲ. ಒಂದೊಂದು ಮುಖವನ್ನೂ ಮಾತಾಡಿಸುವ ಹಾಗೆ ನೋಡುತ್ತಾರೆ. ಇನ್ನು ಪ್ರತಿ ಗುರುವಾರ ಬರುತ್ತಾರೆ. ಬಾಕ್ಸ್ ಅವರ ಹೆಸರಿನಲ್ಲಿ.

ಜೂನ್ 23, ಸೋಮವಾರ

ಸ್ಕ್ಯಾನ್ ಮಾಡುವವನು ಮಷೀನ್ ಹೊತ್ತು ಬಂದ. "ಏಳನೇ ಬಾಕ್ಸ್ ಓದುಗರ ಬಳಿ ಇದೆ" ಅಂದೆ. ಪಾಪ, ಸುತ್ತ ನೋಡಿದ. ಖಾಲಿ ಕುರ್ಚಿಗಳು. "ಯಾರೂ ಇಲ್ವಲ್ಲ ಮೇಡಂ?" ಗುರುವಾರ ಬರುತ್ತಾರೆ ಅಂದೆ. ಹೋದ.

ಐದು ನಿಮಿಷದಲ್ಲಿ ವಿಜಯವಾಡದಿಂದ ಫೋನ್. ನಾಡಿದ್ದು ಖುದ್ದಾಗಿ ಬರಬೇಕಂತೆ.

ಜೂನ್ 25, ಬುಧವಾರ. ವಾಪಸ್ ಬರುವ ರೈಲಿನಲ್ಲಿ

ಅಕ್ಷರ ಸೊಟ್ಟಗೆ ಬರುತ್ತಿದೆ. ರೈಲಿಗೋ ಸಿಟ್ಟಿಗೋ.

ವಿಜಯವಾಡದ ಒನ್ ಟೌನಿನ ಹೆಡ್ ಆಫೀಸು. ಕೆಳಗೆ ಹೋಲ್‌ಸೇಲ್ ಬಟ್ಟೆ ಅಂಗಡಿ, ಮೆಟ್ಟಿಲ ಮೇಲೆಲ್ಲ ಬಟ್ಟೆಯ ಮೂಟೆ. ದಾಟಿಕೊಂಡು ಹತ್ತಿದೆ. ದಕ್ಷಿಣಾಮೂರ್ತಿ ಗಾರು ಕೂತ್ಕೊಳ್ಳಿ ಅನ್ನಲಿಲ್ಲ. ಕೂತೆ.

"ಯಾರಮ್ಮಾ ಆ ಮುದುಕಿ? ಅವರದೇನು ರಿಸರ್ಚ್?"

"ರಿಸರ್ಚ್ ಏನು ಅಂತ ನಾವು ತೂಕ ಹಾಕೋ ಹಾಗಿಲ್ಲ ಸಾರ್. ಪತ್ರ ಇದೆ. ಫಾರಂ ಇದೆ."

"ಬೇಗ ಮುಗಿಸೋಕೆ ಹೇಳಿ."

"ಓದುಗರನ್ನ ಅವಸರಪಡಿಸುವಂತಿಲ್ಲ. ನಿಯಮ ಹನ್ನೆರಡು."

"ಅದ್ಯಾರು ಬರೆದಿದ್ದು ಆ ನಿಯಮ?"

"ನೀವೇ ಸಾರ್. ಕೆಳಗೆ ನಿಮ್ಮ ಸಹಿ ಇದೆ."

ಕೆಟ್ಟ ಮನುಷ್ಯನಲ್ಲ ಅವರು, ಅದೇ ಸಂಕಟ. ಕಣ್ಣುಜ್ಜಿಕೊಂಡು ಹೇಳಿದರು, "ಟ್ರಸ್ಟಿ ಕೈ ಬಿಟ್ಟರೆ ಆ ರೀಡಿಂಗ್ ರೂಮಿಗೇ ಬೀಗ. ಗೋಡೆ ಮೇಲೆ ನಾಲ್ಕು ಫೋಟೋ ಹಾಕಿದ್ರೆ ಏನು ಮುಳುಗುತ್ತೆ?"

"ವಾಶ್‌ರೂಮ್ ಬಾಗಿಲಿಗೂ ಹಾಕ್ತಾನಂತೆ. ನಿಮ್ಮ ಅಮ್ಮನ ಫೋಟೋ ಆಗಿದ್ದರೆ?"

ಅದು ಅನ್ನಬಾರದಿತ್ತು. ಅವರ ಮುಖ ಬಿಗಿದುಕೊಂಡಿತು. "ನೀವಿನ್ನು ಹೊರಡಿ" ಅಂದರು.

ಅನಕಾಪಲ್ಲಿ ಸ್ಟೇಷನ್ ದಾಟಿತು. ನಾಳೆ ಗುರುವಾರ.

ಜುಲೈ 3, ಗುರುವಾರ

ಸಿಗಲಿಲ್ಲ. ಹೋದ ಗುರುವಾರವೂ ಇಲ್ಲ. ಬಾಕ್ಸಿನ ಅರ್ಧ ದಾಟಿದ್ದೇವೆ. ದಾಟಿದ್ದಾರೆ, ನಾನಲ್ಲ. ಧೀರಜ್ ದಿನಾ ಫೋನ್ ಮಾಡುತ್ತಾನೆ. ಈಗ ಆಂಟಿ ಅನ್ನುವುದಿಲ್ಲ, ಹಲೋ ಅಷ್ಟೆ. "ಇಂಟೀರಿಯರ್‌ನವರು ಕಾಯ್ತಿದಾರೆ. ಮುಗೀತಾ?" ಇಲ್ಲ. "ಯಾವಾಗ?" ಓದುಗರು ಹೇಳಿದಾಗ.

ರಾಜ್ಯಲಕ್ಷ್ಮಿ ಇವತ್ತು ಹೋಗುವಾಗ ಬಾಗಿಲಲ್ಲಿ ನಿಂತರು. "ಅಕ್ಕನ ಮುಖ ನನಗೆ ನಿಜವಾಗ್ಲೂ ನೆನಪಿದೆಯಾ ಅಂತ ಅನುಮಾನ ಬಂದಿದೆ ಅಮ್ಮಾ. ಇಷ್ಟು ಮುಖ ನೋಡಿ ನೋಡಿ... ಅವಳೇ ಎದುರಿಗೆ ಬಂದು, ನಾನು ಅಲ್ಲ ಅಂತ ಪಕ್ಕಕ್ಕಿಟ್ಟುಬಿಟ್ರೆ?"

ಇನ್ನೊಂದು ಸಲ ಮೊದಲಿಂದ ನೋಡಿ, ಬಾಕ್ಸ್ ಎಲ್ಲೂ ಹೋಗಲ್ಲ ಅಂದೆ.

ಜುಲೈ 10, ಗುರುವಾರ

ಸಿಕ್ಕಿತು!

ಊಟಕ್ಕೆ ಏಳೋಣ ಅಂತಿದ್ದೆ. "ಅಮ್ಮಾ!" ಅಂತ ಕೂಗಿದರು. ರೀಡಿಂಗ್ ರೂಮಿನಲ್ಲಿ ಕೂಗುವಂತಿಲ್ಲ. ಇಬ್ಬರು ಸ್ಟೂಡೆಂಟ್ಸ್ ತಿರುಗಿ ನೋಡಿದರು. ನೋಡಲಿ.

ಕುರ್ಚಿಯಲ್ಲಿ ಕೂತ ಹುಡುಗಿ. ದೊಡ್ಡ ಬಾರ್ಡರಿನ ಸೀರೆ ಅವಳಿಗೆ ಭಾರ ಅನ್ನಿಸುತ್ತದೆ, ಅಗಲ ಹಣೆ, ನಗು ತಡೆದುಕೊಂಡ ತುಟಿ. ಪಕ್ಕದಲ್ಲಿ ಕುರ್ಚಿಯ ಕೈ ಹಿಡಿದು ನಿಂತ ಚಿಕ್ಕವಳು, ಲಂಗ, ಎರಡು ಜಡೆ. ಹುಬ್ಬು ಗಂಟಿಕ್ಕಿ ಇಡೀ ಲೋಕದ ಮೇಲೆ ಸಿಟ್ಟು.

"ಇದು ನಾನು! ಅಯ್ಯೋ, ಇದು ನಾನೇ ಅಮ್ಮಾ! ನಾನೂ ಇದ್ದೆ ಅನ್ನೋದೇ ಮರೆತುಹೋಗಿತ್ತು."

ಅಕ್ಕನ ಮುಖದ ಬಗ್ಗೆ ಅನುಮಾನ ಪಟ್ಟಿದ್ದವರು, ತಮ್ಮ ಮುಖದಿಂದ ಅಕ್ಕನನ್ನು ಗುರುತಿಸಿದರು. ಅಳುತ್ತಾರೆ ಅಂದುಕೊಂಡೆ. ಮೊದಲು ನಕ್ಕರು. ಆಮೇಲೆ ಕಣ್ಣಿಂದ ನೀರು ಇಳಿಯುತ್ತಿದ್ದಂತೆ ತಾವೇ ಕುರ್ಚಿ ಹಿಂದೆ ಸರಿಸಿದರು, ಫೋಟೋ ಮೇಲೆ ಬೀಳದ ಹಾಗೆ. ನಾನು ಹೇಳಿಕೊಟ್ಟಿರಲಿಲ್ಲ.

ಒಂದು ಕಾಪಿ ಸಿಗುತ್ತಾ ಅಂತ ಕೇಳಿದರು. ಕಾಪಿಗೆ ವಿಜಯವಾಡದ ಒಪ್ಪಿಗೆ ಬೇಕು. ಗುರುತಿಗೆಂದು ಸಣ್ಣ ಪ್ರಿಂಟ್ ಲಗತ್ತಿಸಿ ಅರ್ಜಿ ಹಾಕಿಸಿದೆ. ಮೇಲಿಂದ ಫೋನ್ ಕೂಡ ಮಾಡಿದೆ. ದಕ್ಷಿಣಾಮೂರ್ತಿ ಗಾರು ಉತ್ತರ: "ಮೊದಲು ಬಾಕ್ಸ್ ವಾಪಸ್ ಕೊಡಲಿ. ಆಮೇಲೆ ಕಾಪಿ."

ವ್ಯಾಪಾರ! ಅಕ್ಕನಿಗೆ ಬದಲು ಉಳಿದ ಹೆಂಗಸರು!

ಹೇಳುವುದಕ್ಕೇ ನಾಚಿಕೆಯಾಯಿತು. ಆದರೂ ಹೇಳಿದೆ. ನಿರ್ಧಾರ ಅವರದು. ರಾಜ್ಯಲಕ್ಷ್ಮಿ ಗ್ಲೌಸ್ ಬಿಚ್ಚುತ್ತಿದ್ದರು. ಪುನಃ ಹಾಕಿಕೊಂಡರು.

"ಮುಗೀತು ಅಂತ ನಾನು ಹೇಳಿದ್ನಾ? ಇನ್ನೂ ನೋಡೋದಿದೆ. ಗುರುವಾರ ಬರ್ತೀನಿ."

ಜುಲೈ 21, ಸೋಮವಾರ

ಹೋಟೆಲ್ ಓಪನ್ ಆಯಿತಂತೆ. ಗೋಡೆ ಮೇಲೆ ಹಾರ್ಬರ್, ದೋಣಿ, ಲೈಟ್‌ಹೌಸ್. ಇನ್ನೊಂದು ಬಾಕ್ಸಿನವು. ಮುಖ ಇಲ್ಲದ ಫೋಟೋಗಳು. ವಾಶ್‌ರೂಮಿಗೆ ಲೇಡೀಸ್ ಅಂತ ಅಕ್ಷರದಲ್ಲೇ ಬರೆಸಿದ್ದಾನಂತೆ. ಬರಲಿಲ್ಲವೇ ಬುದ್ಧಿ!

ನನಗೂ ಒಂದು ಲಕೋಟೆ ಬಂದಿದೆ. ಆಗಸ್ಟ್ ಒಂದರಿಂದ ವಿಜಯವಾಡಕ್ಕೆ ವರ್ಗ. ಕಾರಣ: 'ಆಡಳಿತದ ಅನುಕೂಲ'. ಯಾರ ಅನುಕೂಲ?

ಮಣಿಕಂಠ ಇವತ್ತು ನಗಲಿಲ್ಲ. ಪತ್ರ ಓದಿ ಮಡಚಿಟ್ಟರು. "ವಾರಕ್ಕೊಂದು ಸಲ ಬರ್ತೀಯ ತಾನೇ? ಗಗನಾನ್ನ ನಾನು ನೋಡ್ಕೋತೀನಿ. ರಾಜೀನಾಮೆ ಗೀಜಿನಾಮೆ ಕೊಡಬೇಡ. ಅದಕ್ಕೇ ಕಾಯ್ತಿರ್ತಾರೆ."

ಗಗನಾ ಮಾತ್ರ ಬಾಗಿಲು ಹಾಕಿಕೊಂಡು ಕೂತಿದ್ದಾಳೆ.

ಆಗಸ್ಟ್ 4, ಸೋಮವಾರ. ವಿಜಯವಾಡ

ಹಾಸ್ಟೆಲ್ ರೂಮು, ನೀರು ಬೆಳಿಗ್ಗೆ ಮಾತ್ರ. ಇರಲಿ.

ಶಿಕ್ಷೆ ಅಂತ ಎಲ್ಲಿ ಕೂರಿಸಿದ್ದಾರೆ ಗೊತ್ತೇ? ಕಾಪಿ ಅರ್ಜಿಗಳ ಟೇಬಲ್. ಯಾರಿಗೂ ಬೇಡದ ಜಾಗ, ಕಿಟಕಿಯಿಲ್ಲ, ಧೂಳು. ಫೈಲುಗಳ ರಾಶಿ ಬಿಚ್ಚಿದೆ. ಮೂರನೆಯದೇ ಅನಕಾಪಲ್ಲಿಯ ರಾಜ್ಯಲಕ್ಷ್ಮಿಯದು. ಅರ್ಜಿಯ ಮೂಲೆಯಲ್ಲಿ ಪಿನ್ ಮಾಡಿದ ಸಣ್ಣ ಪ್ರಿಂಟು. ಯಾರೂ ಮುಟ್ಟಿಲ್ಲ.

'ಕುಟುಂಬದವರು. ಕೊಡಬಹುದು' ಅಂತ ಬರೆದು, ಸಹಿ ಹಾಕಿ, ನಾನೇ ತೆಗೆದುಕೊಂಡು ಹೋದೆ. ಡೈರೆಕ್ಟರ್ ಸಹಿ ಒಂದೇ ಬಾಕಿ.

"ಆಮೇಲೆ ನೋಡ್ತೀನಿ, ಇಟ್ಟು ಹೋಗಿ."

"ಕಾಯ್ತೀನಿ ಸಾರ್."

ಕಾಯುತ್ತಿದ್ದೇನೆ. ಅವರ ಎದುರಿನ ಕುರ್ಚಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಸಹಿಯಾಗದೆ ಏಳುವುದಿಲ್ಲ. ಊಟಕ್ಕೂ ಇಲ್ಲ. ಎರಡು ಫೋನ್ ಮಾಡಿದರು. ಮಜ್ಜಿಗೆ ತರಿಸಿದರು, ಒಂದು ನನಗೂ. ಕುಡಿಯಲಿಲ್ಲ.

"ಏನು ಬರೀತಿದ್ದೀರಿ?" ಅಂದರು.

"ಕನ್ನಡ" ಅಂದೆ.

ಬಗ್ಗಿ ನೋಡಿದರು. ಓದಲು ಬರಲಿಲ್ಲ. ಫೈಲ್ ಎಳೆದುಕೊಂಡರು. ಕನ್ನಡಕ ಏರಿಸಿ ಆ ಸಣ್ಣ ಪ್ರಿಂಟನ್ನು ಬೆಳಕಿಗೆ ಹಿಡಿದಿದ್ದಾರೆ. ಇಷ್ಟು ಹೊತ್ತು ನೋಡುತ್ತಾರೆ ಅಂದುಕೊಂಡಿರಲಿಲ್ಲ.

"ಈ ಚಿಕ್ಕ ಹುಡುಗಿಗೆ ಯಾಕಮ್ಮಾ ಇಷ್ಟು ಕೋಪ?"

ನಾನು ಹೇಳುವಷ್ಟರಲ್ಲಿ ಅವರೇ ಪೆನ್ನು ಕೈಗೆತ್ತಿಕೊಂಡರು.