ಅಪ್ಪನ ಗಡಿಯಾರಕ್ಕೆ ಬೇರೆ ಮುಖ

ತಾರೀಕು ಹನ್ನೊಂದು, ಮಂಗಳವಾರ

ತಮ್ಮನಿಗೆ,

ನೀನೂ ನಿನ್ನ ಹೆಂಡತಿಯೂ ಆರೋಗ್ಯವಾಗಿರಲಿ ಎಂದು ದೇವರಲ್ಲಿ ಕೇಳಿಕೊಂಡೇ ಪೆನ್ನು ಹಿಡಿದಿದ್ದೇನೆ. ಈ ಸಾಲನ್ನು ಮನಸ್ಸಿನಿಂದ ಬರೆದೆ. ಮುಂದಿನವನ್ನೂ ಮನಸ್ಸಿನಿಂದಲೇ ಬರೆಯುತ್ತೇನೆ, ಆದರೆ ಅವು ನಿನಗೆ ಹಿಡಿಸುವುದಿಲ್ಲ.

ತಡವಾಯಿತು. ಫೋನಿನಲ್ಲಿ ನಿನ್ನ ಮಾತು ಕೇಳಿದ ದಿನವೇ ಬರೆಯಬೇಕೆಂದಿದ್ದೆ. ಅವತ್ತು ಬರೆದಿದ್ದರೆ ಕಾಗದಕ್ಕೆ ಬೆಂಕಿ ಹತ್ತುತ್ತಿತ್ತು. ಕೋಪ ಇಳಿಯಲಿ ಎಂದು ದಿನಾ ಬೆಳಿಗ್ಗೆ ದೇವರ ಮುಂದೆ ಕೂತೆ. ಇಳಿಯಲಿಲ್ಲ. ಅವನೇ ಇಳಿಸದ ಮೇಲೆ ಈ ಕೋಪದಲ್ಲಿ ತಪ್ಪಿಲ್ಲ ಎಂದುಕೊಂಡು ಬರೆಯಲು ಕೂತಿದ್ದೇನೆ. ಮತ್ತೆ ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. "ಅಕ್ಕಾ, ನಿನಗೆ ಇದೆಲ್ಲ ಅರ್ಥ ಆಗಲ್ಲ" ಎನ್ನುತ್ತೀಯ. ಹಳ್ಳಿ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು ನಾನು, ನಿಜ. ಆದರೆ ಅದು ನಿನ್ನದು, ಇದು ನನ್ನದು ಎನ್ನುವುದನ್ನು ಒಂದನೆಯ ಕ್ಲಾಸಿನಲ್ಲೇ ಕಲಿಸಿದ್ದರು.

ಇಲ್ಲಿ ಉಳಿದವರೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವನ ಮೊಣಕಾಲು ನೋವು ಹಾಗೇ ಇದೆ. ವರ್ಕ್‌ಶಾಪಿನಲ್ಲಿ ಬಸ್ಸಿನ ಅಡಿ ಮಲಗಿ ಎದ್ದು ಎದ್ದು ಹಾಗಾಗಿದೆ, ರಜೆ ಹಾಕಿ ಎಂದರೆ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಗಂಡಸರಿಗೆ ಹೇಳಿದ ಮಾತು ಕೇಳುವ ಪದ್ಧತಿ ಇಲ್ಲ ಎಂದು ನಿನಗೂ ಗೊತ್ತು.

ನಿನ್ನ ಹವ್ಯಾಸವನ್ನು ನಾನು ಯಾವತ್ತೂ ಆಡಿಕೊಂಡಿಲ್ಲ. ಹೋದ ಸಲ ನಿಮ್ಮ ಮನೆಗೆ ಬಂದಾಗ, ಗಾಜು ಹಾಕಿಸಿ ಮುಚ್ಚಿದ ಆ ಬಾಲ್ಕನಿಯಲ್ಲಿ ನೀನು ಬೆರಳ ತುದಿಗಳಿಗೆ ರಬ್ಬರ್ ಟೊಪ್ಪಿ ಹಾಕಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದೆ. ಎಲ್ಲೆಲ್ಲಿಂದಲೋ ತರಿಸಿದ ಬಿಡಿಭಾಗಗಳನ್ನು ಚಿಮಟದಲ್ಲಿ ಹಿಡಿದು ಜೋಡಿಸಿ, ಹಿಂದಿನ ಕಾಲದ ಮುಳುಗುಗಾರರು ಕಟ್ಟುತ್ತಿದ್ದಂಥ ಗಡಿಯಾರ ಮಾಡುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡಿ ನನಗೆ ಹೆಮ್ಮೆಯೇ ಆಗಿತ್ತು. ನಿನ್ನ ಭಾವ ಮಾತ್ರ, "ಸೊಂಟದ ಮಟ್ಟ ನೀರು ಕಂಡ್ರೆ ಕಿರಿಚೋನಿಗೆ ಸಮುದ್ರದ ಗಡಿಯಾರ ಯಾಕಪ್ಪಾ?" ಎಂದು ನಕ್ಕಿದ್ದರು. ಅವತ್ತು ನಿನ್ನ ಪರವಾಗಿ ಜಗಳ ಆಡಿದ್ದು ನಾನು.

ಹೊಸ ಡಯಲನ್ನು ಹಳೆಯದು ಮಾಡುವುದು ಹೇಗೆಂದು ನೀನೇ ನನಗೆ ತೋರಿಸಿದೆ. ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿದೆ. ಓವನ್ನಿನಲ್ಲಿಟ್ಟೆ. ಸುತ್ತಲಿನ ತಿರುಗುಬಳೆಯ ಬಣ್ಣ ಮಾಸಲೆಂದು ಬಟ್ಟೆ ಬಿಳುಪು ಮಾಡುವ ನೀರಿನಲ್ಲಿ ನೆನೆಸಿದೆ. ಹೊಸ ಗೆರೆಗಳು ಹಳೆಯವಾಗಿ ಕಾಣಲೆಂದು ಉಜ್ಜಿದೆ. ನಿನ್ನ ಹೆಂಡತಿ ನನ್ನ ಕಿವಿಯಲ್ಲಿ, "ಅತ್ತಿಗೆ, ನಮ್ಮನೆ ಓವನ್‌ನಲ್ಲಿ ಕೇಕು ಬೆಂದು ಯಾವ ಕಾಲವಾಯ್ತೋ. ಬೇಯೋದೆಲ್ಲ ಗಡಿಯಾರದ ಮುಖಗಳೇ. ಒಂದಿನ ನನ್ನನ್ನೂ ಹಳೇದು ಮಾಡ್ತಾರೆ ನೋಡಿ" ಅಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಈ ಕೆಲಸವನ್ನೇ ನೀನು ನಮ್ಮ ಅಪ್ಪನ ಮೇಲೆ ಮಾಡುತ್ತೀಯ ಎಂದು ನನಗೆ ಆಗ ಹೇಗೆ ಗೊತ್ತಾಗಬೇಕು?

ಅಪ್ಪನ ಗಡಿಯಾರ ನಿಂತುಹೋದಾಗ ನಾನೇ ನಿನ್ನನ್ನು ಕರೆಸಿದೆ. ಬೀದಿ ಕೊನೆಯ ರಿಪೇರಿ ಅಂಗಡಿಗೆ ಕೊಡುತ್ತೇನೆ ಎಂದರೆ ಅಪ್ಪ ಒಪ್ಪಲಿಲ್ಲ. "ಅವನಿಗ್ಯಾಕೆ? ನನ್ನ ಮಗ ಇದ್ದಾನಲ್ಲ" ಅಂದರು. ಬಂದರಿನ ಕೆಲಸದ ಅಷ್ಟೂ ವರ್ಷ ಅವರ ಕೈಮೇಲೆ ಇದ್ದದ್ದು ಅದು. ಹಡಗಿನ ಅಡಿ ಮುಳುಗಿ, ಅದನ್ನು ಓಡಿಸುವ ಚಕ್ರದ ರೆಕ್ಕೆಗೆ ಸುತ್ತಿಕೊಂಡ ಹಗ್ಗ ಕತ್ತರಿಸುವಾಗ ಆ ತಿರುಗುಬಳೆ ತಿರುಗಿಸಿ, ಇನ್ನು ಎಷ್ಟು ಹೊತ್ತಿನ ಉಸಿರು ಉಳಿದಿದೆ ಎಂದು ನೋಡಿಕೊಳ್ಳುತ್ತಿದ್ದರು. ಡಯಲಿನಲ್ಲಿ ಒಂಬತ್ತರ ಹತ್ತಿರ ಬಣ್ಣ ಹಾರಿಹೋಗಿತ್ತಲ್ಲ, ಕಬ್ಬಿಣದ ತಗಡಿಗೆ ಕೈ ಬಡಿದ ದಿನದ್ದು ಅದು. ಕೈಯೂ ಹೋಗುವುದಿತ್ತು. ಅಪ್ಪ ನಿನಗೆ ಅದನ್ನು ಕರವಸ್ತ್ರದಲ್ಲಿ ಸುತ್ತಿ ಕೊಟ್ಟು, "ಒಳಗಿನ ಮೆಷಿನ್ ಮಾತ್ರ ನೋಡು, ಉಳಿದದ್ದಕ್ಕೆ ಕೈ ಹಾಕ್ಬೇಡ" ಅಂದರು. ನೀನು, "ಬರೀ ಕ್ಲೀನ್ ಮಾಡ್ತೀನಿ ಅಪ್ಪಾ" ಅಂದೆ. ನಾನು ಅಲ್ಲೇ ಲೋಟ ಹಿಡಿದು ನಿಂತಿದ್ದೆ. ಇಲ್ಲ ಅನ್ನಬೇಡ.

ಗಡಿಯಾರ ಓಡುತ್ತಾ ವಾಪಸು ಬಂತು. ಅಪ್ಪ ಕಿವಿಗೆ ಹಿಡಿದುಕೊಂಡು ಕೇಳಿದ್ದೇನು, ಕ್ಷೌರದವನಿಗೂ ಹಾಲಿನವನಿಗೂ ಕೇಳಿಸಿದ್ದೇನು! "ನನ್ನ ಮಗ ಸರಿ ಮಾಡಿದ್ದು" ಎಂದು ಬೀದಿಗೆಲ್ಲ ಸಾರಿದರು. ಪೊರೆ ಬಂದ ಕಣ್ಣಿಗೆ ಮುಳ್ಳು ಕಾಣದಿದ್ದರೂ ಟೈಮು ನೋಡಿದ ಹಾಗೆ ಮಾಡುತ್ತಿದ್ದರು.

ಹೋದ ಗುರುವಾರ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಸ್ ಇಳಿದು ಬಿಸಿಲಿನಲ್ಲೇ ನಡೆದೆವು. ಒಳಗೆ ಒಂದು ಪುಟ್ಟ ಕತ್ತಲೆ ಕೋಣೆ. ಕಿಟಕಿಗೆ ಕಪ್ಪು ಬಟ್ಟೆ, ಗೋಡೆಗೆ ಅಕ್ಷರದ ಹಲಗೆ, ಗಲ್ಲ ಇಡಲು ಒಂದು ಕಬ್ಬಿಣದ ಚೌಕಟ್ಟು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಾಯಿ ತುಂಬ ಮಾತು. ಅಪ್ಪನ ಗಲ್ಲ ಚೌಕಟ್ಟಿನ ಮೇಲೆ ಇಡಿಸಿ ದೀಪ ಆರಿಸಿದಳು. ಆರಿಸಿದ್ದೇ ತಡ, ಅಪ್ಪನ ಮಣಿಕಟ್ಟಿನ ಮೇಲೆ ಹಸಿರು ಬೆಳಕು ಉಂಗುರದ ಹಾಗೆ ಹೊತ್ತಿಕೊಂಡಿತು. ಚುಕ್ಕೆಗಳು, ಗೆರೆಗಳು, ಎಲ್ಲ.

"ತಾತ, ಕೈಯಲ್ಲೇ ಟಾರ್ಚು ಇಟ್ಕೊಂಡು ಬಂದಿದ್ದೀರಲ್ಲ! ಅದನ್ನ ಮುಚ್ಕೊಳ್ಳಿ, ನನಗೆ ಕಣ್ಣು ನೋಡೋಕೆ ಬಿಡ್ತಿಲ್ಲ" ಅಂದಳು ಡಾಕ್ಟರು.

ಅಪ್ಪ ಗಲ್ಲ ಎತ್ತಿದರು. ಆ ಪೊರೆ ಕಣ್ಣಿಗೂ ಅದು ಕಂಡಿತು. ಇನ್ನೊಂದು ಕೈಯನ್ನು ಅದರ ಮೇಲಿಟ್ಟರು, ತೆಗೆದರು, ಮತ್ತೆ ಇಟ್ಟರು. ಆಮೇಲೆ, "ದೀಪ ಹಾಕಿ ಡಾಕ್ಟ್ರೇ. ಇದು ನನ್ನದಲ್ಲ" ಅಂದರು.

"ಅಯ್ಯೋ, ಹಾಗಾದ್ರೆ ಯಾರದ್ದು ಹಾಕ್ಕೊಂಡು ಬಂದ್ರಿ?" ಎಂದು ಆ ಹುಡುಗಿ ನಕ್ಕಳು. ನಗಲು ಅವಳ ಜೊತೆ ಯಾರೂ ಸೇರಲಿಲ್ಲ.

ಅಪ್ಪನ ಗಡಿಯಾರದಲ್ಲಿ ಕತ್ತಲೆಗೆ ಹೊಳೆಯುವ ಬಣ್ಣ ಸತ್ತು ಎಷ್ಟೋ ವರ್ಷವಾಗಿತ್ತಲ್ಲೋ. ಕೆಲಸದ ಕೊನೆಕೊನೆಗೆ ನೀರಿನಡಿ ಅದು ಕಾಣದೆ, ಮನಸ್ಸಿನಲ್ಲೇ ಎಣಿಸಿಕೊಂಡು ಮೇಲೆ ಬರುತ್ತಿದ್ದೆ ಎಂದು ಅವರು ನಮಗೆ ನೂರು ಸಲ ಹೇಳಿದ್ದಾರೆ. ನೀನು ಕೇಳಿಸಿಕೊಂಡಿರಲಿಲ್ಲವೇ? ಅಪ್ಪನ ಡಯಲ್ ಕಿತ್ತಿಟ್ಟುಕೊಂಡು ಹೊಸದನ್ನು ಕೂರಿಸಿದೆ, ಅದು ಬೆಳಕಿನಲ್ಲಿ ಹಳೆಯದಾಗಿ ಕಾಣಲು ಏನು ಬೇಕೋ ಅಷ್ಟೂ ಮಾಡಿದೆ. ಒಂಬತ್ತರ ಹತ್ತಿರ ಬಣ್ಣ ಹಾರಿಸಿದೆ. ಕತ್ತಲೆಯಲ್ಲಿ ಅದು ಹೇಗಿರಬೇಕು ಎಂದು ಮಾತ್ರ ನಿನಗೆ ಹೊಳೆಯಲಿಲ್ಲ. ಕತ್ತಲೆಯಲ್ಲಿ ಅದನ್ನು ಕಟ್ಟಿಕೊಂಡು ಬದುಕಿದವರು ಅವರು. ನೀನು ಟ್ಯೂಬ್‌ಲೈಟಿನಡಿ ಕೂತವನು.

ಅಪ್ಪನನ್ನು ಒಳಗೆ ಬೆಂಚಿನ ಮೇಲೆ ಕೂರಿಸಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಿನಗೆ ಫೋನು ಮಾಡಿದೆ. ನಿನ್ನ ಬಾಯಿಂದ ಬಂದ ಮೊದಲ ಮಾತು ನೆನಪಿದೆಯಾ? "ಛೆ, ಹೊಳೀತಾ? ಹೊಳೆಯದ ಬಣ್ಣ ಹಾಕ್ಬೇಕಿತ್ತು." ಅಷ್ಟೇ. ಸಿಕ್ಕಿಬಿದ್ದ ಮೇಲೂ ನಿನಗೆ ನಿನ್ನ ಕೆಲಸದ ಚಿಂತೆ. ಆಮೇಲೆ ಬುದ್ಧಿ ಹೇಳಲು ಶುರುಮಾಡಿದೆ. "ಅಕ್ಕಾ, ಅಂಥ ಡಯಲ್ ಈಗ ಹುಡುಕಿದ್ರೂ ಸಿಗಲ್ಲ. ಅಪ್ಪ ಅದನ್ನ ಕಟ್ಕೊಂಡೇ ಪಾತ್ರೆ ತೊಳೀತಾರೆ, ಗಿಡಕ್ಕೆ ನೀರು ಹಾಕ್ತಾರೆ. ಒಳಗೆ ತೇವ ಹೋದ್ರೆ ಮುಗೀತು. ನನ್ನ ಹತ್ರ ಭದ್ರವಾಗಿದೆ." ಕೇಳಿ ತೆಗೆದುಕೊಳ್ಳಬೇಕಿತ್ತಲ್ಲ ಎಂದರೆ, "ಅವರಿಗೆ ಕಣ್ಣೇ ಕಾಣಲ್ಲ, ಅವರಿಗೆ ಯಾವುದಾದ್ರೇನು?" ಅಂದೆ.

ಈ ಒಂದು ಮಾತನ್ನು ನಾನು ಸಾಯುವವರೆಗೆ ಹೊಟ್ಟೆಗೆ ಹಾಕಿಕೊಳ್ಳುವುದಿಲ್ಲ. ದೇವರು ಕ್ಷಮಿಸಬಹುದು, ಅವನಿಗೆ ಅದೇ ಕೆಲಸ. ನನಗೆ ಬೇರೆ ಕೆಲಸಗಳಿವೆ.

ಭದ್ರ ಎಂದೆಯಲ್ಲ, ಎಷ್ಟು ಭದ್ರ ಎಂದು ಮನೆಗೆ ಬಂದು ನನ್ನ ಫೋನಿನಲ್ಲೇ ನೋಡಿದೆ. ನಿಮ್ಮ ಗಡಿಯಾರದ ಗೆಳೆಯರ ಕೂಟದ ಫೋಟೋವನ್ನು ನಿನ್ನ ಹೆಂಡತಿ ಹಿಂದೆಯೇ ನನಗೆ ಕಳಿಸಿದ್ದಳು. ನೀನು ಮಾಡಿದ ಹೊಸ ಗಡಿಯಾರವನ್ನು ಒಬ್ಬ ದಪ್ಪ ಮನುಷ್ಯ ಬಿಳಿ ಕೈಗವಸು ಹಾಕಿಕೊಂಡು ಹಿಡಿದಿದ್ದಾನೆ, ಉಳಿದವರು ತೊಟ್ಟಿಲ ಮಗುವನ್ನು ನೋಡುವ ಹಾಗೆ ಬಗ್ಗಿದ್ದಾರೆ. ಫೋಟೋ ದೊಡ್ಡದು ಮಾಡಿ ನೋಡಿದರೆ ಒಂಬತ್ತರ ಹತ್ತಿರ ಅದೇ ಗಾಯ. ಹೊಳಪಿನ ಹೊಸ ಡಬ್ಬಿಯೊಳಗೆ ನಮ್ಮ ಅಪ್ಪ. ನೀನು ಪಕ್ಕದಲ್ಲಿ ಹಲ್ಲು ಕಿರಿದು ನಿಂತಿದ್ದೀಯ. ಆ ಫೋಟೋಗೆ ನಾನು ಅವತ್ತು "ತುಂಬಾ ಚೆನ್ನಾಗಿದೆ" ಎಂದು ಬರೆದಿದ್ದೆ. ನೆನೆಸಿಕೊಂಡರೆ ನನ್ನ ಬೆರಳೇ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಅಪ್ಪ ಅವತ್ತಿನಿಂದ ಗಡಿಯಾರ ಬಿಚ್ಚಿಟ್ಟಿದ್ದಾರೆ. ನನ್ನ ಹತ್ತಿರ ಮಾತಿಲ್ಲ. ತಟ್ಟೆ ಇಟ್ಟರೆ ತಿನ್ನುತ್ತಾರೆ, ತೆಗೆದರೆ ಕೈ ತೊಳೆಯುತ್ತಾರೆ. ಬರುವ ಸೋಮವಾರ ಪೊರೆ ತೆಗೆಯುವ ಆಪರೇಷನ್ ಇದೆ. ಅದೂ ಬೇಡವಂತೆ. ನಿನ್ನ ಭಾವನ ಹತ್ತಿರ, "ಕಣ್ಣು ಬಂದು ಇನ್ನೇನು ನೋಡ್ಬೇಕಾಗಿದೆ? ನೋಡಿದ್ದು ಸಾಕು" ಅಂದರಂತೆ. ಇನ್ನೂ ತಡಮಾಡಿದರೆ ಪೊರೆ ಗಟ್ಟಿಯಾಗಿ ಕೆಲಸ ಕಷ್ಟವಾಗುತ್ತದೆ ಎಂದು ಡಾಕ್ಟರು ಹೇಳಿದ್ದಾಳೆ. ನೀನು ಮಾಡಿದ್ದೆಂದು ನಾನು ಅಪ್ಪನಿಗೆ ಇನ್ನೂ ಹೇಳಿಲ್ಲ. ನಿನ್ನ ಮೇಲಿನ ಕರುಣೆಯಿಂದಲ್ಲ. ನಿನ್ನ ಬಾಯಿಂದಲೇ ಬರಬೇಕು ಎಂದು.

ಆದ್ದರಿಂದ ಭಾನುವಾರ ನೀನು ಇಲ್ಲಿಗೆ ಬರಬೇಕು. ಆ ಡಯಲನ್ನೂ ನಿನ್ನ ಚಿಮಟ, ಭೂತಗನ್ನಡಿಗಳನ್ನೂ ತಾ. ನನ್ನ ಅಡುಗೆಮನೆಯ ಮೇಜನ್ನು ಒರೆಸಿ ಇಟ್ಟಿರುತ್ತೇನೆ. ಅಪ್ಪನನ್ನು ಎದುರಿಗೆ ಕೂರಿಸಿಕೊಂಡು, ಇಂಥದ್ದು ಮಾಡಿದೆ ಎಂದು ಹೇಳಿ, ನಿನ್ನ ಕೈಯಿಂದಲೇ ಅದನ್ನು ಅದರ ಜಾಗದಲ್ಲಿ ಕೂರಿಸು. ಬರಲಿಲ್ಲವೋ, ನಾನೇ ನಿಮ್ಮ ಮನೆಗೆ ಬರುತ್ತೇನೆ. ನನಗೆ ಚಿಮಟ ಹಿಡಿಯಲು ಬರುವುದಿಲ್ಲ, ಇಕ್ಕಳ ಹಿಡಿಯಲು ಬರುತ್ತದೆ. ನಿನ್ನ ಬಾಲ್ಕನಿಯಲ್ಲಿ ಸಾಲಾಗಿ ಇಟ್ಟಿದ್ದೀಯಲ್ಲ, ಅವುಗಳಲ್ಲಿ ಯಾವುದರೊಳಗೆ ಅಪ್ಪನದು ಇದೆಯೆಂದು ಒಂದೊಂದಾಗಿ ತೆರೆದು ನೋಡುತ್ತೇನೆ.

ಕೋಪದಲ್ಲಿರುವಾಗ ಹರಸಬಾರದು ಎಂದು ನನಗೆ ಯಾರೂ ಕಲಿಸಿಲ್ಲ, ಆದ್ದರಿಂದ ಹರಸುತ್ತೇನೆ. ನಿನ್ನ ಕಣ್ಣು ಬಹಳ ಕಾಲ ಚುರುಕಾಗಿರಲಿ, ಕೈ ನಡುಗದಿರಲಿ. ಅವೆರಡನ್ನು ಯಾವುದಕ್ಕೆ ಬಳಸಬೇಕು ಎನ್ನುವ ಬುದ್ಧಿಯನ್ನು ದೇವರು ಬೇಗ ಕೊಡಲಿ. ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ಅವಳ ಮೇಲೆ ನನಗೆ ಏನೂ ಇಲ್ಲ.

ಇಂತಿ,
ನಿನ್ನ ಅಕ್ಕ

ಇನ್ನೊಂದು ಮಾತು. ಲಕೋಟೆ ಅಂಟಿಸಿರಲಿಲ್ಲ, ಬುಧವಾರ ಬೆಳಿಗ್ಗೆ ಇದನ್ನು ಸೇರಿಸುತ್ತಿದ್ದೇನೆ.

ಈಗ ಸ್ವಲ್ಪ ಹೊತ್ತಿಗೆ ಮುಂಚೆ ಅಪ್ಪ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. "ನಿಜ ಹೇಳು. ಯಾರಿಗೆ ಕೊಟ್ಟೆ?" ಅಂದರು. ನನಗೆ ಅರ್ಥವಾಗಲಿಲ್ಲ. "ನೀನಲ್ಲದೆ ನನ್ನ ಸಾಮಾನು ಮುಟ್ಟೋರು ಈ ಮನೇಲಿ ಯಾರಿದ್ದಾರೆ? ಅವನು ಕಷ್ಟಪಟ್ಟು ಸರಿಮಾಡಿ ಕೊಟ್ಟಿದ್ದನ್ನ ಬದಲಾಯಿಸಿಬಿಟ್ಟೆಯಲ್ಲಮ್ಮ. ದುಡ್ಡಿಗೆ ಏನು ತೊಂದರೆ ಇತ್ತೋ, ನನ್ನನ್ನ ಒಂದು ಮಾತು ಕೇಳ್ಬೇಕಿತ್ತು" ಅಂದರು.

ಇಷ್ಟು ದಿನ ಅವರು ಮಾತು ಬಿಟ್ಟದ್ದು ಇದಕ್ಕೆ. ಅಮ್ಮ ಹೋದಾಗಿನಿಂದ ಅವರ ಬಟ್ಟೆ ಒಗೆದವಳು ನಾನು, ಜ್ವರದಲ್ಲಿ ಎತ್ತಿ ಕೂರಿಸಿದವಳು ನಾನು. ನಿನ್ನ ಹೆಸರು ಅವರ ಮನಸ್ಸಿನ ಹತ್ತಿರ ಕೂಡ ಸುಳಿಯಲಿಲ್ಲ.

ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಕೂಟ, ಕೈಗವಸು, ಕಾಫಿ, ಓವನ್, ಎಲ್ಲ. "ಅವರಿಗೆ ಯಾವುದಾದ್ರೇನು" ಎಂದದ್ದನ್ನೂ ಬಿಡಲಿಲ್ಲ. ಅಪ್ಪ ತಡವಿಕೊಂಡು ಮೇಜಿನ ಪಕ್ಕ ಕೂತರು. ಆಮೇಲೆ, "ಹಾಗಾದ್ರೆ ಇದು ಅವನು ಕೈಯಾರೆ ಮಾಡಿದ್ದಾ?" ಅಂದರು. ಹೌದು ಅಂದೆ. "ಕಾಫೀಲಿ ಅದ್ದಿದ್ನಾ? ನನಗೇ ಗೊತ್ತಾಗದ ಹಾಗೆ ಮಾಡಿಬಿಟ್ನಲ್ಲ, ಭಲೇ!" ಅಂದರು. ಮುಖದ ತುಂಬ ನಗು. ಹಳೆಯದು ನಿನ್ನ ಹತ್ತಿರವೇ ಇರಬೇಕಂತೆ, ನಾನು ಕೇಳಬಾರದಂತೆ. ಸೋಮವಾರ ಆಪರೇಷನ್‌ಗೆ ಬರುತ್ತಾರಂತೆ, ನಿನ್ನ ಕೆಲಸವನ್ನು ಸರಿಯಾಗಿ ನೋಡಬೇಕಂತೆ. ಆದ್ದರಿಂದ ನೀನು ಏನನ್ನೂ ತರಬೇಕಾಗಿಲ್ಲ.

ನನ್ನ ಬಗ್ಗೆ ಅಂದುಕೊಂಡಿದ್ದರಲ್ಲ, ಅದಕ್ಕೆ ಒಂದು ಮಾತೂ ಇಲ್ಲ. ಗಡಿಯಾರ ತರಿಸಿಕೊಂಡರು. ಒಂದೇ ಕೈಯಲ್ಲಿ ಪಟ್ಟಿ ಕಟ್ಟಿಕೊಳ್ಳಲು ಅವರಿಗೆ ಆಗುವುದಿಲ್ಲ. ನನ್ನ ಕಡೆ ಕೈ ಚಾಚಿದರು. ಕಟ್ಟಿದೆ.